ಮನೆಯ ಮರಗೆಲಸದ ಶೆಡ್ಡಿಗೆ ಧೂಳೆಳೆಯುವ ಪೈಪ್ ಜೋಡಿಸುವುದು ಹೇಗೆ?

ಮನೆ ಹಿಂದಿನ ಜಾಗಕ್ಕೆ ತಗಡು ಹೊದಿಸಿ, ಒಂದು ಟೇಬಲ್ ಗರಗಸ, ಒಂದು ಪ್ಲೇನರ್ (ಮರ ಹೆರೆದು ಸಮ ಮಾಡುವ ಯಂತ್ರ) ಇಟ್ಟುಕೊಂಡು ಬಿಡುವಿನಲ್ಲಿ ಮರಗೆಲಸ ಮಾಡುವವರು ದಾವಣಗೆರೆಯ ಬಡಾವಣೆಗಳಲ್ಲಿ ಇದ್ದಾರೆ. ಹಳೇ ಮನೆ ಕೆಡವಿದಾಗ ಸಿಗುವ ಸಾಗುವಾನಿ ತೊಲೆ, ಬಾಗಿಲ ಚೌಕಟ್ಟು ತಂದು ಮೇಜು, ಮಂಚ, ದೇವರ ಮಂಟಪ ಮಾಡುತ್ತಾರೆ. ಯಂತ್ರಕ್ಕೆ ಧಾರಾಳವಾಗಿ ದುಡ್ಡು ಹಾಕುವ ಇವರು ಧೂಳಿಗೆ ಮಾಡಿಕೊಳ್ಳುವ ವ್ಯವಸ್ಥೆ ಮಾತ್ರ ಹೆಚ್ಚಾಗಿ ಮುಖಕ್ಕೆ ಸುತ್ತಿದ ಟವೆಲ್ ಅಷ್ಟೇ.

ಟವೆಲ್ ತಡೆಯುವುದು ಕಣ್ಣಿಗೆ ಕಾಣುವ ಹೊಟ್ಟನ್ನು. ಅದು ಹೇಗೂ ನೆಲಕ್ಕೆ ಬೀಳುತ್ತದೆ, ಗುಡಿಸಿ ತೆಗೆಯಬಹುದು. ಎದೆಗೆ ಇಳಿಯುವುದು 10 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತ ಸಣ್ಣ ಪುಡಿ. ಗರಗಸ ನಿಲ್ಲಿಸಿದ ಮೇಲೂ ಅದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಅಕ್ಕಪಕ್ಕದ ಕುಳಿಗಳ ಕ್ಯಾನ್ಸರ್‌ಗೆ ಗಟ್ಟಿ ಮರಗಳ ಧೂಳು ಕಾರಣವಾಗುತ್ತದೆ. ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಹತ್ತಿಯ ಧೂಳು ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುತ್ತದೆಂಬುದು ವೈದ್ಯರಿಗೆ ಎಂದೋ ಗೊತ್ತಿರುವ ಸಂಗತಿ. ಮರದ ಧೂಳನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು.

ಫ್ಯಾನ್‌ನಿಂದ ಧೂಳೆಳೆಯುವ ಯಂತ್ರ, ಅಂದರೆ ಡಸ್ಟ್ ಕಲೆಕ್ಟರ್ ಕೊಳ್ಳಲು ಹೋದವರೆಲ್ಲ ಮೊದಲು ಕೇಳುವುದು ಎಷ್ಟು ಎಚ್‌ಪಿ ಎಂದು. ನನ್ನ ಪ್ರಕಾರ ಮೊದಲು ಯೋಚಿಸಬೇಕಾದದ್ದು ಪೈಪಿನ ವಿಚಾರ. ಕಿರಿದಾದ, ತಿರುವು ಹೆಚ್ಚಿರುವ ಪೈಪಿಗೆ ಸಿಕ್ಕಿಸಿದರೆ 3 ಎಚ್‌ಪಿ ಯಂತ್ರವೂ ಏದುಸಿರು ಬಿಡುತ್ತದೆ. ದಾರಿ ಅಗಲ, ನೇರ, ಗಿಡ್ಡ ಇದ್ದರೆ 2 ಎಚ್‌ಪಿ ಮನೆ ಶೆಡ್ಡಿಗೆ ಧಾರಾಳ ಸಾಕು.

ಮೊದಲು ನೆಲದ ಮೇಲೆ ಗೆರೆ

ಪೈಪ್ ಅಂಗಡಿಗೆ ಹೋಗುವ ಮೊದಲು ಸೀಮೆಸುಣ್ಣ ಹಿಡಿದು ಶೆಡ್ಡಿನ ನೆಲದಲ್ಲೇ ನಕ್ಷೆ ಬರೆಯಿರಿ. ಪ್ಲೇನರ್ ಅತಿ ಹೆಚ್ಚು ಹೆರೆ ಉಗುಳುವ ಯಂತ್ರ. ಅದನ್ನೂ ಟೇಬಲ್ ಗರಗಸವನ್ನೂ ಕಲೆಕ್ಟರ್‌ಗೆ ಹತ್ತಿರ ಇಡಿ. ಬ್ಯಾಂಡ್ ಗರಗಸ, ಡ್ರಿಲ್ಲಿಂಗ್ ಮಷೀನ್ ದೂರವಿದ್ದರೂ ನಡೆಯುತ್ತದೆ. ಮುಖ್ಯ ಪೈಪ್ ಒಂದು ಗೋಡೆಗುಂಟ ನೇರವಾಗಿ ಸಾಗಲಿ, ಅದರಿಂದ ಪ್ರತಿ ಯಂತ್ರಕ್ಕೆ ಒಂದೊಂದು ಕವಲು ಇಳಿಯಲಿ. ಎಷ್ಟು ತಿರುವು ಬೇಕೆಂದು ಈಗಲೇ ಎಣಿಸಿ. 4 ಇಂಚಿನ ಪೈಪಿನಲ್ಲಿ 90 ಡಿಗ್ರಿಯ ಒಂದೇ ಒಂದು ಎಲ್ಬೋ ಸುಮಾರು 6 ಅಡಿ ನೇರ ಪೈಪಿನಷ್ಟು ಗಾಳಿಯನ್ನು ತಡೆಯುತ್ತದೆ. ಯಂತ್ರವನ್ನು ಎರಡಡಿ ಸರಿಸಿದರೆ ಒಂದು ತಿರುವು ಉಳಿಯುವುದಾದರೆ ಯಂತ್ರವನ್ನೇ ಸರಿಸಿ.

ಫ್ಯಾನ್ ಹೊರಗಿರಲಿ

ಚಳಿ ದೇಶಗಳಲ್ಲಿ ಶೆಡ್ಡಿನ ಬಿಸಿ ಗಾಳಿಯನ್ನು ಹೊರಗೆ ಬಿಟ್ಟರೆ ಕಾಯಿಸಿದ ಖರ್ಚೆಲ್ಲ ದಂಡ. ಅದಕ್ಕೇ ಅಲ್ಲಿನವರು ದುಬಾರಿ ಫಿಲ್ಟರಿನಲ್ಲಿ ಸೋಸಿ ಅದೇ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ದಾವಣಗೆರೆ, ಚಿತ್ರದುರ್ಗದಲ್ಲಿ ಆ ಕಷ್ಟವಿಲ್ಲ. ಶೆಡ್ಡಿನ ಹೊರಗೋಡೆಗೆ ಸಣ್ಣ ಚಪ್ಪರ ಇಳಿಸಿ ಕಲೆಕ್ಟರನ್ನು ಅಲ್ಲಿಡಿ. ಅದರೊಂದಿಗೆ ಬರುವ ಬಟ್ಟೆ ಚೀಲ ದಪ್ಪ ಹೊಟ್ಟನ್ನು ಹಿಡಿದು, ನುಣ್ಣನೆಯ ಧೂಳನ್ನು ಹಾಗೇ ಹೊರಕ್ಕೆ ಬಿಡುತ್ತದೆ. ಶೆಡ್ಡಿನೊಳಗೆ ಇಟ್ಟರೆ ನೆಲದ ಧೂಳನ್ನು ಎಳೆದು ಉಸಿರಾಡುವ ಮಟ್ಟಕ್ಕೆ ಎರಚಿದಂತೆ. ಸದ್ದೂ ಹೊರಗೇ ಉಳಿಯುತ್ತದೆಂಬುದು ಇನ್ನೊಂದು ಲಾಭ.

ಎಳೆದುಕೊಂಡಷ್ಟೇ ಗಾಳಿ ಒಳಗೆ ಬರಬೇಕು. 10 ಅಡಿ ಅಗಲ, 15 ಅಡಿ ಉದ್ದ, 9 ಅಡಿ ಎತ್ತರದ ಶೆಡ್ಡಿನ ಗಾಳಿ ಒಟ್ಟು 38 ಘನ ಮೀಟರ್. ಗಂಟೆಗೆ 1,300 ಘನ ಮೀಟರ್ ಎಳೆಯುವ ಕಲೆಕ್ಟರ್ ಅಷ್ಟನ್ನೂ ಎರಡು ನಿಮಿಷದೊಳಗೆ ಖಾಲಿ ಮಾಡುತ್ತದೆ. ಹಾಗಾಗಿ ಕಲೆಕ್ಟರ್‌ಗೆ ಎದುರು ದಿಕ್ಕಿನ ಕಿಟಕಿ ತೆರೆದಿಡಿ, ಹೊಸ ಗಾಳಿ ನೀವು ನಿಲ್ಲುವ ಜಾಗ ಹಾಯ್ದು ಧೂಳಿನ ಕಡೆಗೆ ಹರಿಯುತ್ತದೆ. ಹೊರಹೋಗುವ ಬಾಯಿ ಪೂರ್ವಕ್ಕಿದ್ದರೆ ಒಳ್ಳೆಯದು, ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ. ಜೋಗಿಮಟ್ಟಿಯ ಗಾಳಿಯಂತ್ರ ಕಂಡಿರುವ ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊರಗೆ ಬಿಡುತ್ತೇವೆಂದು ನೆರೆಯವರ ಮೇಲೆ ಬಿಡುವಂತಿಲ್ಲ. ಪಕ್ಕದ ಮನೆಯ ಮಹಡಿಯಲ್ಲಿ ಸಂಡಿಗೆ ಒಣಗುತ್ತಿರುತ್ತದೆ, ಮಕ್ಕಳು ಆಡುತ್ತಿರುತ್ತಾರೆ. ಫ್ಯಾನಿಗೆ ಮೊದಲು ಒಂದು ಸೈಕ್ಲೋನ್, ಫ್ಯಾನಿನ ನಂತರ ಒಂದು ಒಳ್ಳೆಯ ಫಿಲ್ಟರ್ ಇರಲೇಬೇಕು. ಸೈಕ್ಲೋನ್ ಎಂದರೆ ನಮ್ಮ ಅಕ್ಕಿ ಗಿರಣಿಗಳ ಮಾಡಿನ ಮೇಲೆ ಕಾಣುವ ತಗಡಿನ ಶಂಕುವೇ. ಗಾಳಿ ಒಳಗೆ ಸುತ್ತುವಾಗ ಹೊಟ್ಟು ಗೋಡೆಗೆ ತಾಗಿ ಕೆಳಗಿನ ಡ್ರಮ್ಮಿಗೆ ಜಾರುತ್ತದೆ, ಗಾಳಿ ಮೇಲಿನ ಕೊಳವೆಯಿಂದ ಫ್ಯಾನಿನತ್ತ ಹೋಗುತ್ತದೆ. ಒಂದು ಕಾಲಕ್ಕೆ ಲೇತ್ ಯಂತ್ರಗಳನ್ನೇ ತಯಾರಿಸಿದ ಹರಿಹರ ಪಕ್ಕದಲ್ಲಿರುವಾಗ ತಗಡಿನ ಕೆಲಸದವರಿಗೆ ಅಳತೆ ಕೊಟ್ಟು ಮಾಡಿಸುವುದು ಕಷ್ಟವಲ್ಲ. ಹಳೇ ಮರದೊಳಗಿನ ಮೊಳೆಯ ಚೂರು ತಿರುಗುವ ಫ್ಯಾನಿಗೆ ಬಡಿದರೆ ಕಿಡಿ ಹಾರುತ್ತದೆ. ಸೈಕ್ಲೋನ್ ಇದ್ದರೆ ಅದು ಡ್ರಮ್ಮಿಗೇ ಬೀಳುತ್ತದೆ. ಆದರೂ ಕೊಯ್ಯುವ ಮೊದಲು ಮರದ ಮೇಲೆ ಅಯಸ್ಕಾಂತ ಆಡಿಸುವುದನ್ನು ಬಿಡಬೇಡಿ.

ಎಷ್ಟು ದಪ್ಪದ ಪೈಪ್?

ಹೊಟ್ಟು ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. ಆ ವೇಗದಲ್ಲಿ 110 ಮಿ.ಮೀ. ಪೈಪ್ ಗಂಟೆಗೆ ಸುಮಾರು 620 ಘನ ಮೀಟರ್ ಗಾಳಿ ಒಯ್ಯುತ್ತದೆ, 160 ಮಿ.ಮೀ. ಪೈಪ್ ಅದರ ಎರಡು ಪಟ್ಟಿಗೂ ಹೆಚ್ಚು. ಹೆರೆ, ಹೊಟ್ಟು ಎಳೆಯಲು ಮೊದಲನೆಯದು ಸಾಕು. ನುಣ್ಣನೆಯ ಧೂಳು ಹಿಡಿಯಲು ಗಾಳಿಯ ಪ್ರಮಾಣ ಬೇಕು, ಅದು ಎರಡನೆಯದರಲ್ಲೇ ಸಾಧ್ಯ. ಆದ್ದರಿಂದ 2 ಎಚ್‌ಪಿ ಅಥವಾ ಮೇಲ್ಪಟ್ಟ ಕಲೆಕ್ಟರ್‌ಗೆ 160 ಮಿ.ಮೀ. ಮುಖ್ಯ ಪೈಪ್ ಹಾಕಿ, ಯಂತ್ರದ ಬಾಯಿಯ ಹತ್ತಿರ ಮಾತ್ರ ರಿಡ್ಯೂಸರ್‌ನಿಂದ ಕಿರಿದು ಮಾಡಿ. 1 ಎಚ್‌ಪಿ ಇದ್ದರೆ ದೊಡ್ಡ ಪೈಪ್ ಬೇಡ. ಅದರಲ್ಲಿ ವೇಗ ಕುಸಿದು ಹೊಟ್ಟು ದಾರಿಯಲ್ಲೇ ಕೂರುತ್ತದೆ. ಆಗ 110 ಮಿ.ಮೀ. ಪೈಪನ್ನೇ ಗಿಡ್ಡಗೆ ಹಾಕಿ, ಒಂದೊಂದೇ ಯಂತ್ರಕ್ಕೆ ಸಿಕ್ಕಿಸಿಕೊಳ್ಳುವುದು ಜಾಣತನ.

ಪೈಪ್ ಯಾವುದು? ಮಳೆನೀರು ಇಳಿಸಲು ಬಳಸುವ ಎಸ್‌ಡಬ್ಲ್ಯೂಆರ್ ಪಿವಿಸಿ ಪೈಪ್, ಐಎಸ್ 13592 ಗುರುತಿನ ಎ ದರ್ಜೆಯದು, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲೂ ರಿಂಗ್ ಫಿಟ್ ತನ್ನಿ. ರಬ್ಬರ್ ರಿಂಗೇ ಗಾಳಿ ಸೋರದಂತೆ ಹಿಡಿಯುತ್ತದೆ, ಪೇಸ್ಟ್ ಹಚ್ಚಬೇಕಿಲ್ಲ, ನಾಳೆ ಯಂತ್ರದ ಜಾಗ ಬದಲಿಸಿದರೆ ಬಿಚ್ಚಿ ಜೋಡಿಸಬಹುದು. ಸುರುಳಿ ಹೋಸ್ ಸುಲಭವೆಂದು ಉದ್ದಕ್ಕೂ ಅದನ್ನೇ ಎಳೆಯಬೇಡಿ. ಒಳಗಿನ ಮಡಿಕೆಗಳಿಂದ ಅದು ನುಣುಪು ಪೈಪಿನ ಎರಡು ಮೂರು ಪಟ್ಟು ಗಾಳಿ ತಡೆಯುತ್ತದೆ. ಯಂತ್ರಕ್ಕೆ ಸೇರುವ ಕೊನೆಯ ಎರಡು ಮೂರು ಅಡಿಗೆ ಮಾತ್ರ ಇರಲಿ.

ಜೋಡಣೆ

ಪೈಪಿನ ಅಗಲವಾದ ಸಾಕೆಟ್ ಬಾಯಿ ಯಾವಾಗಲೂ ಗರಗಸ, ಪ್ಲೇನರ್‌ನಂಥ ಯಂತ್ರದ ಕಡೆಗಿರಬೇಕು, ಕಲೆಕ್ಟರ್ ಕಡೆಗಲ್ಲ. ತಿರುಗಿಸಿ ಹಾಕಿದರೆ ಪ್ರತಿ ಕೂಡಿಕೆಯಲ್ಲೂ ಒಂದು ಅಂಚು ಹೊಟ್ಟಿಗೆ ಎದುರಾಗುತ್ತದೆ. ಕವಲಿಗೆ ಟೀ ಬೇಡ, 45 ಡಿಗ್ರಿಯ ವೈ ಹಾಕಿ, ಅದು ಗಾಳಿ ಹೋಗುವ ದಿಕ್ಕಿಗೆ ಓರೆಯಾಗಿರಲಿ. ಕವಲು ಮುಖ್ಯ ಪೈಪಿನ ಮೇಲಿನಿಂದ ಅಥವಾ ಪಕ್ಕದಿಂದ ಹೊರಡಬೇಕು. ತಳದಿಂದ ಹೊರಟರೆ ಬಳಸದ ಕವಲಿನೊಳಗೆ ಹೊಟ್ಟು ತುಂಬುತ್ತದೆ. 90 ಡಿಗ್ರಿ ತಿರುಗಲೇಬೇಕಾದ ಕಡೆ 45ರ ಎರಡು ಬೆಂಡ್ ತೆಗೆದುಕೊಂಡು ನಡುವೆ ಒಂದು ಗೇಣು ನೇರ ಪೈಪ್ ಸೇರಿಸಿ. ಮುಖ್ಯ ಪೈಪಿನ ಕೊನೆಗೆ ಮುಚ್ಚಳವಿರುವ ಡೋರ್ ಫಿಟ್ಟಿಂಗ್ ಒಂದನ್ನು ಹಾಕಿದರೆ ಕಟ್ಟಿಕೊಂಡಾಗ ಕೈ ಹಾಕಿ ತೆಗೆಯಬಹುದು.

ಕೂಡಿಕೆ ಜಾರದಂತೆ ಸ್ಕ್ರೂ ಹೊಡೆಯುವವರಿಗೊಂದು ಮಾತು. ಅರ್ಧ ಇಂಚಿಗಿಂತ ಉದ್ದದ ಸ್ಕ್ರೂ ಬೇಡ. ಪೈಪಿನೊಳಗೆ ಚಾಚಿದ ಮೊನೆಗೆ ಮೊದಲು ಪ್ಲೇನರ್‌ನ ಒಂದು ಉದ್ದನೆ ಸುರುಳಿ ಹೆರೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಇನ್ನೊಂದು, ನಡುವೆ ಹೊಟ್ಟು. ಬಿಚ್ಚಿ ನೋಡಿದರೆ ಮುಷ್ಟಿ ಗಾತ್ರದ ಗಟ್ಟಿ ಉಂಡೆ, ಅದರ ನಡುವೆ ಸ್ಕ್ರೂವಿನ ತುದಿ.

ಬೇಸಿಗೆಯಲ್ಲಿ ತಗಡಿನ ಕೆಳಗೆ ಪಿವಿಸಿ ಬಾಗುತ್ತದೆ. ನಾಲ್ಕೈದು ಅಡಿಗೊಂದು ಕ್ಲಾಂಪ್ ಹಾಕಿ, ತಗಡಿಗೆ ತಾಗದಂತೆ ಒಂದಡಿ ಬಿಡಿ. ಹೊರಗಿನ ಭಾಗಕ್ಕೆ ಬಣ್ಣ ಬಳಿಯಿರಿ, ಬಿಸಿಲಿಗೆ ಪೈಪ್ ಪೆಡಸಾಗಿ ಒಡೆಯುತ್ತದೆ. ಒಣ ಹವೆಯಲ್ಲಿ ಪಿವಿಸಿ ಮುಟ್ಟಿದರೆ ಸ್ಥಿರ ವಿದ್ಯುತ್ತಿನಿಂದ ಚುರುಕ್ ಎನ್ನುವುದುಂಟು. ಪೈಪಿನ ಮೇಲೆ ಬರಿ ತಾಮ್ರದ ತಂತಿ ಸುತ್ತಿ ಅರ್ಥಿಂಗ್‌ಗೆ ಸೇರಿಸಿದರೆ ಆ ಕಿರಿಕಿರಿ ಕಡಿಮೆಯಾಗುತ್ತದೆ. ಹೋಸ್‌ನೊಳಗಿನ ಉಕ್ಕಿನ ತಂತಿಯನ್ನೂ ಯಂತ್ರದ ಮೈಗೆ ಕಚ್ಚಿಸಿ.

ಪ್ರತಿ ಕವಲಿಗೂ ಒಂದು ಜಾರುವ ಗೇಟ್ ಬೇಕು. ಎರಡು ಪ್ಲೈ ಹಲಗೆಯ ನಡುವೆ ಹಾರ್ಡ್‌ಬೋರ್ಡ್ ಜಾರುವಂತೆ ನೀವೇ ಮಾಡಿಕೊಳ್ಳಬಹುದು. ಒಂದು ಹೊತ್ತಿಗೆ ಒಂದೇ ಗೇಟ್ ತೆರೆದಿರಲಿ.

ಯಂತ್ರದ ಬಾಯಿ

ಸರ್ಕ್ಯುಲರ್ ಗರಗಸವನ್ನು ಮೇಜಿಗೆ ತಲೆಕೆಳಗಾಗಿ ಕಟ್ಟಿಕೊಂಡವರು ಅದರ ಕೆಳಗೆ ಪ್ಲೈ ಪೆಟ್ಟಿಗೆ ಮಾಡಿ, ತಳವನ್ನು ಇಳಿಜಾರಾಗಿಸಿ, ತಗ್ಗಿನ ಕಡೆ ಪೈಪ್ ಸೇರಿಸಬೇಕು. ಪೂರ್ತಿ ಮುಚ್ಚಬೇಡಿ, ಮೋಟರಿನ ಪಕ್ಕ ಎರಡು ಬೆರಳಗಲ ಸಂದಿ ಇರಲಿ. ಗಾಳಿ ನುಗ್ಗಲು ದಾರಿಯಿಲ್ಲದ ಪೆಟ್ಟಿಗೆಯಿಂದ ಧೂಳೂ ಹೊರಡುವುದಿಲ್ಲ, ಮೋಟರೂ ಕಾಯುತ್ತದೆ. ಬ್ಲೇಡಿನ ಮೇಲಿನಿಂದ ಎರಚುವ ಧೂಳಿಗೆ ಗಾರ್ಡಿನ ಮೇಲೊಂದು ಪ್ರತ್ಯೇಕ ಹೋಸ್ ಇದ್ದರೆ ಬಹಳ ವ್ಯತ್ಯಾಸವಾಗುತ್ತದೆ. ಕೈಯಲ್ಲಿ ಹಿಡಿದು ಮರ ಉಜ್ಜುವ ಸ್ಯಾಂಡರ್‌ಗೆ ಈ ಪೈಪ್ ಹೊಂದುವುದಿಲ್ಲ. ಕಿರಿದಾದ ಹೋಸ್‌ನಲ್ಲಿ ಬಲವಾಗಿ ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಬೇಕು. ಕಬ್ಬಿಣ ಉಜ್ಜುವ ಗ್ರೈಂಡರ್ ಅನ್ನು ಮಾತ್ರ ಈ ಪೈಪಿಗೆ ಎಂದೂ ಸೇರಿಸಬೇಡಿ. ಒಂದು ಕಿಡಿ ಹೊಟ್ಟಿನ ಡ್ರಮ್ಮಿಗೆ ಹೋದರೆ ರಾತ್ರಿಯಿಡೀ ಒಳಗೊಳಗೇ ಉರಿದು ಬೆಂಕಿಯಾಗಬಹುದು.

ಕರೆಂಟ್

2 ಎಚ್‌ಪಿ ಕಲೆಕ್ಟರ್ ಮತ್ತು ಗರಗಸ ಒಟ್ಟಿಗೆ ಓಡಿದರೆ 3 ಕಿಲೋವಾಟ್ ದಾಟುತ್ತದೆ, ಒಂದೇ ಪ್ಲಗ್ಗಿಗೆ ಅದು ಹೊರೆ. ಶೆಡ್ಡಿಗೆ ಬೇರೆ ಲೈನ್, ಎರಡಕ್ಕೂ ಬೇರೆ ಬೇರೆ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಹಾಕಿಸಿ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿಕೊಳ್ಳಿ. ಮೊದಲು ಕಲೆಕ್ಟರ್ ಹಚ್ಚಿ, ಅದು ವೇಗ ಹಿಡಿದ ಮೇಲೆ ಗರಗಸ ಹಚ್ಚಿ.

ಪರೀಕ್ಷೆ

ಸೋರಿಕೆ ನೋಡಲು ಊದಿನಕಡ್ಡಿ ಹಿಡಿಯಬೇಡಿ, ಕೆಂಡ ಒಳಗೆ ಹೋದೀತು. ಒಂದೆಳೆ ಹತ್ತಿ ನೂಲು ಸಾಕು. ಕಲೆಕ್ಟರ್ ಓಡಿಸಿ, ಎಲ್ಲ ಗೇಟ್ ಮುಚ್ಚಿ, ನೂಲನ್ನು ಕೂಡಿಕೆಯ ಸುತ್ತ ಆಡಿಸಿ. ಒಳಕ್ಕೆ ಬಾಗಿದ ಕಡೆ ಅಲ್ಯೂಮಿನಿಯಂ ಟೇಪ್ ಸುತ್ತಿ.

ಇನ್ನೊಂದು ಸಾಧನ ಗಾರೆಯವರ ಲೆವೆಲ್ ಪೈಪ್. ಪಾರದರ್ಶಕ ನಳಿಕೆಯನ್ನು ಯು ಆಕಾರಕ್ಕೆ ಬಾಗಿಸಿ ಹಲಗೆಗೆ ಕಟ್ಟಿ, ಪ್ರತಿ ಕಾಲೂ ಒಂದೂವರೆ ಅಡಿ ಎತ್ತರವಿರಲಿ. ಅರ್ಧಕ್ಕೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಸೈಕ್ಲೋನ್‌ಗೆ ಮೊದಲಿನ ಮುಖ್ಯ ಪೈಪಿನಲ್ಲಿ ಕೊರೆದ ಸಣ್ಣ ತೂತಿಗೆ ಸೇರಿಸಿ, ಇನ್ನೊಂದನ್ನು ತೆರೆದು ಬಿಡಿ. ಎಲ್ಲವೂ ಹೊಸದಾಗಿರುವಾಗ, ಪ್ಲೇನರ್ ಗೇಟ್ ಒಂದನ್ನೇ ತೆರೆದು ಕಲೆಕ್ಟರ್ ಓಡಿಸಿ. ಎರಡು ಕಾಲಿನ ನೀರಿನ ಅಂತರವನ್ನು ಹಲಗೆಯ ಮೇಲೆ ಗುರುತು ಹಾಕಿಕೊಳ್ಳಿ. ಮುಂದೆ ಅದೇ ಗೇಟ್ ತೆರೆದಾಗ ಅಂತರ ಕಡಿಮೆಯಾಗಿದ್ದರೆ ಫಿಲ್ಟರ್ ಅಥವಾ ಸೈಕ್ಲೋನ್ ಕಟ್ಟಿಕೊಂಡಿದೆ. ಅಂತರ ಹೆಚ್ಚಾಗಿದ್ದರೆ ಯಂತ್ರದ ಕಡೆಯ ಪೈಪಿನಲ್ಲಿ ಹೊಟ್ಟು ಸಿಕ್ಕಿದೆ. ಏಣಿ ಹಾಕಿ ಎಲ್ಲ ಬಿಚ್ಚುವ ಮೊದಲೇ ಯಾವ ಕಡೆ ಹುಡುಕಬೇಕೆಂದು ನೀರು ಹೇಳುತ್ತದೆ.

ಡ್ರಮ್

ಸೈಕ್ಲೋನ್ ಕೆಳಗಿನ ಡ್ರಮ್ಮಿನ ಮುಚ್ಚಳ ಬಿಗಿಯಾಗಿರಬೇಕು. ಅಲ್ಲಿ ಸ್ವಲ್ಪ ಗಾಳಿ ಸೋರಿದರೂ ಹೊಟ್ಟೆಲ್ಲ ಮೇಲೆದ್ದು ಫಿಲ್ಟರಿಗೆ ಹೋಗುತ್ತದೆ. ನೀರು ತುಂಬುವ ನೀಲಿ ಡ್ರಮ್ ಬಳಸುವುದಾದರೆ ಒಳಗೊಂದು ಪ್ಲೈ ಬಳೆ ಕೂರಿಸಿ, ಇಲ್ಲವಾದರೆ ಗೇಟ್‌ಗಳೆಲ್ಲ ಮುಚ್ಚಿದಾಗ ಮೈ ಒಳಕ್ಕೆ ಕುಸಿಯುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಖಾಲಿ ಮಾಡುವಾಗ, ಸ್ಯಾಂಡಿಂಗ್ ಮಾಡುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೂ ಒಂದು ಗೇಟ್ ತೆರೆದು ಹತ್ತು ನಿಮಿಷ ಕಲೆಕ್ಟರ್ ಓಡಲಿ. ಅಂಟಿಲ್ಲದ ಇಡೀ ಮರದ ಹೊಟ್ಟನ್ನು ಸಗಣಿಯೊಂದಿಗೆ ಬೆರೆಸಿ ಗೊಬ್ಬರದ ಗುಂಡಿಗೆ ಹಾಕಬಹುದು, ಕೊಳೆಯಲು ಸಮಯ ಹಿಡಿಯುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಪ್ಲೈವುಡ್ ಪುಡಿಯಲ್ಲಿ ಫಾರ್ಮಾಲ್ಡಿಹೈಡ್ ಸೇರಿದ ಅಂಟು ಇರುತ್ತದೆ. ಅದನ್ನು ಗಿಡಕ್ಕೂ ಹಾಕಬೇಡಿ, ಒಲೆಗೂ ಹಾಕಬೇಡಿ, ಬೇರೆ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ.