ಬ್ಯಾಣದಲ್ಲಿ ಅಡಿಕೆ ಹಾಳೆ ಹಾಸಿ ಗಾಲ್ಫ್ ಬ್ಯಾಗ್ ಹಗುರ ಮಾಡಿಕೊಂಡೆ

ಮೂರನೇ ನಂಬರಿನ ಐರನ್ ಅನ್ನುವ ಗಾಲ್ಫ್ ಕೋಲು ಈಗ ನಮ್ಮನೆ ಹಿತ್ತಿಲ ಬಾಗಿಲ ಹಿಂದೆ ನಿಂತಿದೆ. ಮಂಗ ಬಂದಾಗ ಅದರಿಂದ ತಗಡಿಗೆ ಎರಡು ಬಡಿದರೆ ಸಾಕು, ಬಾಳೆಗೊನೆ ಬಿಟ್ಟು ಓಡುತ್ತವೆ. ಗಾಲ್ಫ್ ಮೈದಾನದಲ್ಲಿ ಅದು ಇಷ್ಟು ಉಪಯೋಗಕ್ಕೆ ಬಂದ ದಿನವೇ ಇಲ್ಲ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನಿಗೆ ಗಾಲ್ಫ್ ಎಲ್ಲಿಂದ ಅಂಟಿತು ಅಂತ ಊರವರೆಲ್ಲ ಕೇಳಿ ಆಗಿದೆ. ಬ್ಯಾಂಕ್ ನೌಕರಿಯಲ್ಲಿ ಬೆಂಗಳೂರಿನಲ್ಲಿ ಇದ್ದಾಗ ಹಿಡಿದ ಹುಚ್ಚು. ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಹಳೇ ಸೆಟ್ಟನ್ನು ಅರ್ಧಕ್ಕರ್ಧ ದರಕ್ಕೆ ಕೊಟ್ಟರು. ನಿವೃತ್ತಿಯಾಗಿ ಊರಿಗೆ ಬಂದರೂ ಹುಚ್ಚು ಬಿಡಲಿಲ್ಲ. ತಿಂಗಳಿಗೆ ಎರಡು ಸಲ ಬೆಳಿಗ್ಗೆ ಕತ್ತಲಲ್ಲೇ ಎದ್ದು ಕೊಪ್ಪ, ಬಾಳೆಹೊನ್ನೂರು ದಾಟಿ ಚಿಕ್ಕಮಗಳೂರಿಗೆ ಹೋಗಿ ಆಡಿ ಬರುತ್ತೇನೆ.

ಆ ಸೆಟ್ಟಿನಲ್ಲಿ ಇದ್ದದ್ದು ಸರಿಯಾಗಿ 14 ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು. ದೂರ ಹೊಡೆಯಲಿಕ್ಕೆ ಡ್ರೈವರ್, 3 ಮತ್ತು 5ನೇ ನಂಬರಿನ ವುಡ್; ನಡುದೂರಕ್ಕೆ 3ರಿಂದ 9ರ ತನಕ ಐರನ್; ಹತ್ತಿರದಿಂದ ಎತ್ತಿ ಹೊಡೆಯಲಿಕ್ಕೆ ಪಿಚಿಂಗ್ ವೆಜ್, 56 ಡಿಗ್ರಿಯ ಸ್ಯಾಂಡ್ ವೆಜ್, 60 ಡಿಗ್ರಿಯ ಲಾಬ್ ವೆಜ್; ಕುಳಿಗೆ ಉರುಳಿಸಲಿಕ್ಕೆ ಪಟರ್. (ಡಿಗ್ರಿ ಅಂದರೆ ಕ್ಲಬ್ಬಿನ ಮುಖದ ಓರೆ.) ನಿಯಮದ ಪ್ರಕಾರ ಒಂದು ಸುತ್ತಿಗೆ 14ಕ್ಕಿಂತ ಹೆಚ್ಚು ಒಯ್ಯುವ ಹಾಗಿಲ್ಲ. ಅಮೆರಿಕದವರು 1938ರಲ್ಲಿ, ಸೇಂಟ್ ಆಂಡ್ರೂಸ್‌ನ ಆರ್ ಆ್ಯಂಡ್ ಎ ಗಾಲ್ಫ್ ಸಂಸ್ಥೆ 1939ರಲ್ಲಿ ಕಟ್ಟಿದ ಬೇಲಿ ಇದು. ಅದಕ್ಕೂ ಮುಂಚೆ ದೊಡ್ಡ ಆಟಗಾರರ ಕ್ಯಾಡಿಗಳು ಇಪ್ಪತ್ತಕ್ಕೂ ಮಿಕ್ಕಿ ಕೋಲು ಹೊರುತ್ತಿದ್ದರು. 14 ಅನ್ನುವುದು ಮಿತಿ ಮಾತ್ರ, ಅಷ್ಟೂ ಇರಲೇಬೇಕು ಅಂತ ಎಲ್ಲೂ ಬರೆದಿಲ್ಲ. ಇದು ನನಗೆ ಹೊಳೆಯಲಿಕ್ಕೆ ಹತ್ತು ವರ್ಷ ಬೇಕಾಯಿತು. ಊಟದ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಉಣ್ಣಬೇಕು ಅಂತ ಬೆಳೆದವರು ನಾವು.

ಹೊಳೆದದ್ದು ಬೆನ್ನು ನೋವಿನಿಂದ. ನಾನು ಬ್ಯಾಗ್ ನಾನೇ ಹೊರುವವನು, ಗಾಡಿ ಹತ್ತುವುದಿಲ್ಲ. ಒಂದು ದಿನ ಸಿಟ್ಟು ಬಂದು ಬ್ಯಾಗನ್ನು ಹಾಗೇ ಅಡಿಕೆ ತೂಗುವ ಕಾಟಾದ ಮೇಲೆ ಇಟ್ಟೆ. 13 ಕಿಲೋ ಚಿಲ್ಲರೆ. ಕೋಲು ಒಂದೊಂದು ತೆಗೆದು ತೂಗಿದೆ: ಡ್ರೈವರ್ 300 ಗ್ರಾಮಿನ ಆಸುಪಾಸು, ಐರನ್‌ಗಳು 400 ದಾಟಿದವು, ಪಟರ್ ಅರ್ಧ ಕಿಲೋ ಮೇಲೆ. ಉಳಿದದ್ದು ಬ್ಯಾಗು, ಛತ್ರಿ, ಎರಡು ಬಾಟಲಿ ನೀರು, ತಳದಲ್ಲಿ ಮರೆತುಹೋಗಿದ್ದ ಇಪ್ಪತ್ತೊಂದು ಚೆಂಡು. ಚೆಂಡು ಒಂದಕ್ಕೆ ಹೆಚ್ಚೆಂದರೆ 45.93 ಗ್ರಾಮ್, ಅಂದರೆ ಚೆಂಡೇ ಒಂದು ಕಿಲೋ ಹತ್ತಿರ. ಕಾಫಿ ತೋಟದ ಗೆಳೆಯರೊಬ್ಬರು ಇದನ್ನು ಕೇಳಿ, "ಮಾರಾಯ್ರೇ, ಅಷ್ಟು ಚೆಂಡು ಕಳೆದುಹಾಕುವವರು ಆಡೋದಾದ್ರೂ ಯಾಕೆ?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಯಾವ ಕೋಲು ತೆಗೆಯುವುದು ಅಂತ ಮನಸ್ಸಿಗೆ ಬಿಟ್ಟರೆ ಅದು ಸುಳ್ಳು ಹೇಳುತ್ತದೆ. ವರ್ಷದ ಹಿಂದೆ ಒಂದೇ ಒಂದು ಸಲ ಚಂದವಾಗಿ ಹೊಡೆದದ್ದನ್ನು ನೆನಪಿಟ್ಟುಕೊಂಡು 'ಇದು ಇರಲಿ' ಅನ್ನುತ್ತದೆ. ಹಾಗಾಗಿ ಕೊನೆಕೊಯ್ಲಿನ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳಲ್ಲಿ ಗೆರೆ ಹೊಡೆದು, ಎಂಟು ಸುತ್ತು ಆಡುವ ತನಕ ಪ್ರತಿ ಹೊಡೆತವನ್ನೂ ಬರೆದೆ. ಯಾವ ಕ್ಲಬ್, ಒಳ್ಳೆಯದೋ ಕೆಟ್ಟದ್ದೋ, ಅಷ್ಟೇ. ಎಂಟು ಸುತ್ತಿಗೆ ಎಂಟುನೂರರ ಮೇಲೆ ಹೊಡೆತ. (ಹೌದು, ಸುತ್ತಿಗೆ ನೂರರ ಮೇಲೆ. ನಾನು ಯಾರಿಗೂ ಆಟ ಕಲಿಸಲಿಕ್ಕೆ ಹೊರಟಿಲ್ಲ.) ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪಟರ್ ಒಂದರದ್ದೇ. 3ನೇ ಐರನ್ ಮೂರು ಸಲ, ಮೂರೂ ಕೆಟ್ಟದ್ದು. 60 ಡಿಗ್ರಿಯ ಲಾಬ್ ವೆಜ್ ಒಂಬತ್ತು ಸಲ. ಅದರಲ್ಲಿ ಆರು ಸಲ ಚೆಂಡು ಗ್ರೀನಿನ (ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ) ತಲೆ ಮೇಲಿಂದ ಹಾರಿ ಆಚೆಯ ಪೊದೆ ಸೇರಿತ್ತು.

ಎಷ್ಟು ಸಲ ಬಳಸಿದೆ ಅನ್ನುವುದು ಅರ್ಧ ಲೆಕ್ಕ. ಯಾವ ಕ್ಲಬ್ ಎಷ್ಟು ದೂರ ಹೋಗುತ್ತದೆ ಅನ್ನುವುದು ಇನ್ನರ್ಧ. ಬೆಂಗಳೂರಿನಲ್ಲಾದರೆ ಯಂತ್ರ ಇಟ್ಟು ಅಳೆದು ಕೊಡುತ್ತಾರೆ. ನಮ್ಮಲ್ಲಿ ಬ್ಯಾಣ ಇದೆ.

ನಮ್ಮ ತೋಟದ ಮೇಲ್ಗಡೆ ಉದ್ದಕ್ಕೆ ಇನ್ನೂರು ಗಜಕ್ಕಿಂತ ಮಿಕ್ಕಿದ ಬ್ಯಾಣ, ಅಂದರೆ ಹುಲ್ಲಿಗೆ ಅಂತ ಬಿಟ್ಟ ಬಯಲು. ಜನವರಿಯಲ್ಲಿ ಹುಲ್ಲು ಕೊಯ್ದು ಆದಮೇಲೆ ಬೋಳಾಗಿರುತ್ತದೆ. ಟೇಪು ಇದ್ದದ್ದು ಮೀಟರಿನದ್ದು, ಗಾಲ್ಫಿನ ಲೆಕ್ಕ ಗಜದ್ದು. 9 ಮೀಟರ್ 14 ಸೆಂಟಿಮೀಟರಿಗೆ ಒಂದು ಹುರಿ ಕತ್ತರಿಸಿದರೆ ಸರಿಯಾಗಿ ಹತ್ತು ಗಜ. ಆ ಹುರಿ ಹಿಡಿದು ಹತ್ತು ಹತ್ತು ಗಜಕ್ಕೆ ಒಂದು ಅಡಿಕೆ ಹಾಳೆ ಹಾಸಿ ಮೇಲೆ ಕಲ್ಲು ಹೇರಿದೆ. ಒಣಗಿದ ಹಾಳೆಯ ಒಳಮೈ ಬಿಳುಚಿಕೊಂಡಿರುತ್ತದಲ್ಲ, ಇನ್ನೂರು ಗಜದಿಂದಲೂ ಕಾಣುತ್ತದೆ. "ಮಳೆಗಾಲಕ್ಕೆ ಅಂತ ತೆಗೆದಿಟ್ಟ ಹಾಳೆ ಅದು, ಏನ್ರೀ ನಿಮ್ಮದು?" ಅಂತ ಮನೆಯವಳು ಕೂಗಿದ್ದು ಬ್ಯಾಣದ ತುದಿಗೂ ಕೇಳಿತು.

ಚೆಂಡು ಹೆಕ್ಕಲಿಕ್ಕೆ ಪಕ್ಕದ ಮನೆಯ ಹುಡುಗ, ಏಳನೇ ಕ್ಲಾಸು. ಪ್ರತಿ ಕ್ಲಬ್ಬಿಗೆ ಹತ್ತು ಚೆಂಡು ಹೊಡೆಯುವುದು, ಅವನು ಚೆಂಡು ನೆಲಕ್ಕೆ ಬಿದ್ದ ಜಾಗದಲ್ಲಿ, ಉರುಳಿ ನಿಂತ ಜಾಗದಲ್ಲಿ ಅಲ್ಲ, ಕಡ್ಡಿ ಊರುವುದು, ಎರಡು ಅತಿ ಕೆಟ್ಟದ್ದನ್ನು ಬಿಟ್ಟು ಉಳಿದ ಎಂಟರಲ್ಲಿ ಅತಿ ಉದ್ದವೂ ಅತಿ ಗಿಡ್ಡವೂ ಅಲ್ಲದ ನಡುಮಟ್ಟದ ದೂರ ಬರೆದುಕೊಳ್ಳುವುದು. ಅತಿ ಉದ್ದದ್ದನ್ನು ಬರೆದುಕೊಳ್ಳುವ ಚಪಲ ಎಲ್ಲರಿಗೂ ಇದೆ, ಅದು ಕೂಡದು. 9, 8, 7 ಅಂತ ಮೇಲಕ್ಕೆ ಹೋದ ಹಾಗೆ ಹುಡುಗ ಒಂದೊಂದು ಹಾಳೆ ಹಿಂದೆ ಸರಿಯುತ್ತಾ ಹೋದ. 5ನೇ ಐರನ್ ಮುಗಿಸಿ 4 ತೆಗೆದೆ. ಆಮೇಲೆ 3. ಹುಡುಗ ಅಲ್ಲಿಂದಲೇ ಕೂಗಿದ:

"ಮಾವಾ, ನೀವು ಕೋಲು ಬದಲಾಯ್ಸ್ತಿದೀರೋ ಇಲ್ವೋ? ನಾನು ಅದೇ ಹಾಳೆ ಹತ್ರ ನಿಂತಿದೀನಿ!"

ನಿಜ. ಪುಸ್ತಕದಲ್ಲಿ ಈಗಲೂ ಇದೆ: 5ನೇ ಐರನ್ 148, 4ನೇದು 150, 3ನೇದು 147. ಮೂರು ಕ್ಲಬ್, ಒಂದು ಹಾಳೆ. ಕಾರಣ ದೊಡ್ಡ ರಹಸ್ಯವೇನಲ್ಲ. ನಂಬರ್ ಇಳಿದ ಹಾಗೆ ಕ್ಲಬ್ಬಿನ ಮುಖದ ಓರೆ, ಅಂದರೆ ಲಾಫ್ಟ್, ಕಡಿಮೆಯಾಗುತ್ತದೆ. ಕೈಯಲ್ಲಿ ವೇಗ ಇದ್ದವನಿಗೆ ಕಡಿಮೆ ಲಾಫ್ಟಿನಲ್ಲೂ ಚೆಂಡು ಏಳುತ್ತದೆ. ಅರವತ್ತು ದಾಟಿದ ನನ್ನ ಕೈಗೆ ಅದು ಏಳುವುದೇ ಇಲ್ಲ, ಬೇಗ ಬಿದ್ದುಬಿಡುತ್ತದೆ. ವುಡ್‌ನಲ್ಲಿ ಇನ್ನೂ ತಮಾಷೆ. ನೆಲದಿಂದ ಹೊಡೆದರೆ 15 ಡಿಗ್ರಿಯ 3ನೇ ನಂಬರ್ 165 ಗಜ, 19 ಡಿಗ್ರಿಯ 5ನೇ ನಂಬರ್ 170. ಉದ್ದದ ಕೋಲೇ ಗಿಡ್ಡ ಹೋಗುತ್ತಿತ್ತು.

ಇನ್ನೊಂದು ತುದಿಯಲ್ಲಿ ತೊಂದರೆ ಉಲ್ಟಾ. 9ನೇ ಐರನ್ 105, ಪಿಚಿಂಗ್ ವೆಜ್ 92, ಅಲ್ಲಿಂದ ಒಮ್ಮೆಲೇ ಸ್ಯಾಂಡ್ ವೆಜ್ 70. ನಡುವೆ 22 ಗಜದ ಹಳ್ಳ. ಲಾಫ್ಟಿನಲ್ಲೂ ಅಷ್ಟೇ, 48ರಿಂದ 56ಕ್ಕೆ ಹಾರಿದೆ. ಉಳಿದ ಐರನ್‌ಗಳ ನಡುವೆ ನಾಲ್ಕು ಡಿಗ್ರಿಯ ಹತ್ತಿರ ಇದ್ದರೆ ಇಲ್ಲಿ ಎಂಟು. ನಾನು ದಿನಾ ಎಡವುವ 80 ಗಜದ ಹೊಡೆತಕ್ಕೆ ನನ್ನ 14ರಲ್ಲಿ ಕ್ಲಬ್ಬೇ ಇರಲಿಲ್ಲ. 148 ಗಜಕ್ಕೆ ಮೂರಿದ್ದವು.

ಆಮೇಲಿನದ್ದು ಸಲೀಸು. 3, 4, 5ನೇ ಐರನ್ ಮೂರನ್ನೂ ತೆಗೆದು 22 ಡಿಗ್ರಿಯ ಒಂದು ಹೈಬ್ರಿಡ್ ತಂದೆ, ಐರನ್ನಿಗೂ ವುಡ್ಡಿಗೂ ಕಸಿ ಕಟ್ಟಿದಂಥ ಕೋಲು. ಲಾಫ್ಟ್ 3ನೇ ಐರನ್ನಿನದ್ದೇ, ಆದರೆ ತೂಕವೆಲ್ಲ ತಳಕ್ಕೆ, ಹಿಂದಕ್ಕೆ ಇರುವುದರಿಂದ ಚೆಂಡು ಕೈಗೆ ಕಷ್ಟ ಕೊಡದೆ ಏಳುತ್ತದೆ. 155 ಗಜ ಬಂತು. 3ನೇ ವುಡ್ ಹೊರಗೆ. ಲಾಬ್ ವೆಜ್ ಹೊರಗೆ. 52 ಡಿಗ್ರಿಯ ವೆಜ್ ಒಂದು ಒಳಗೆ, ಅದು 80ಕ್ಕೆ ಬಿದ್ದಾಗ ಆದ ಖುಷಿ ಅಡಿಕೆಗೆ ದರ ಏರಿದಾಗಲೂ ಆಗಿರಲಿಲ್ಲ. ಈಗ 170, 155, 140, 130, 118, 105, 92, 80, 70. ಇವುಗಳ ಜೊತೆ ಡ್ರೈವರ್, ಪಟರ್. ಒಟ್ಟು 11. ಚೆಂಡೂ ಆರೇ. ಅಡಿಕೆ ಕಾಟಾದಲ್ಲಿ ಬ್ಯಾಗ್ 11 ಕಿಲೋಕ್ಕೆ ಇಳಿಯಿತು.

ಹೈಬ್ರಿಡ್ ತರಲಿಕ್ಕೆ ಹೋದ ಬೆಂಗಳೂರಿನ ಅಂಗಡಿಯದ್ದು ಒಂದು ಸಿಟ್ಟು ಇನ್ನೂ ಇದೆ. ಒಂದು ಕೋಲು ಕೇಳಿದವನಿಗೆ ಇಡೀ ಸೆಟ್ ಮಾರುವ ಹಟ. "ಸರ್, ನಿಮ್ಮ ಸೆವೆನ್ ಐರನ್ ಎಷ್ಟು ಹೋಗುತ್ತೆ? ಇದು ಹೊಡೀರಿ" ಅಂತ ಅಂಗಡಿಯ ಹುಡುಗ ಕೊಟ್ಟ. ಹೊಡೆದೆ, 145 ಗಜ. ನಾನೂ ಒಂದು ಗಳಿಗೆ ಉಬ್ಬಿದೆ. ಆಮೇಲೆ ಲಾಫ್ಟ್ ಎಷ್ಟು ಅಂತ ಕೇಳಿದರೆ ಹುಡುಗ ಮಾತು ಹಾರಿಸಿದ. ಪೆಟ್ಟಿಗೆಯ ಮೇಲೆ ಇತ್ತು: 29 ಡಿಗ್ರಿ. ನನ್ನ ಹಳೇ 7ನೇ ಐರನ್ 36. ಅವನ 7 ಅಂದರೆ ನನ್ನ 5, ಅಷ್ಟೇ. ಹೊಸ ಐರನ್‌ಗಳಲ್ಲಿ ತೂಕ ಕೆಳಗಿರುವುದರಿಂದ ಕಡಿಮೆ ಲಾಫ್ಟಿನಲ್ಲೂ ಚೆಂಡು ಏಳುತ್ತದೆ ಅನ್ನುವುದು ನಿಜವೇ, ಅದು ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ತಳದಲ್ಲಿ ಕೆತ್ತಿದ ನಂಬರಿಗೆ ದುಡ್ಡು ಕೊಡಬೇಡಿ. ಅಂಥ ಸೆಟ್ ತಗೊಂಡರೆ ಪಿಚಿಂಗ್ ವೆಜ್ 44ಕ್ಕೆ ಬಂದು ಕೂತು, ಅದರ ಕೆಳಗೆ ಇನ್ನೊಂದು ವೆಜ್ ಬೇಕಾಗುತ್ತದೆ. ಅದನ್ನೂ ಅವರೇ ಮಾರುತ್ತಾರೆ.

ಮಲೆನಾಡಿನಲ್ಲಿ ಆಡುವವರಿಗೆ ದೂರಕ್ಕಿಂತ ತಲೆ ತಿನ್ನುವುದು ಸ್ಯಾಂಡ್ ವೆಜ್. ಅದರ ತಳ ನೋಡಿ, ಚಮಚದ ಬೆನ್ನಿನ ಹಾಗೆ ಉಬ್ಬಿರುತ್ತದೆ. ಮುಂದಿನ ಅಂಚಿಗಿಂತ ಹಿಂದಿನ ಭಾಗ ಎಷ್ಟು ಕೆಳಗೆ ಬಂದಿದೆ ಅನ್ನುವ ಕೋನಕ್ಕೆ ಬೌನ್ಸ್ ಅನ್ನುತ್ತಾರೆ. ಬೌನ್ಸ್ ಜಾಸ್ತಿ ಇದ್ದರೆ ಮೆತ್ತಗಿನ ನೆಲದಲ್ಲಿ, ಮರಳಿನಲ್ಲಿ ಕ್ಲಬ್ ಹೂತುಕೊಳ್ಳದೆ ಜಾರಿ ಮುಂದೆ ಹೋಗುತ್ತದೆ. ಅದೇ ಬೌನ್ಸ್ ಗಟ್ಟಿ ನೆಲದಲ್ಲಿ ಶತ್ರು. ನೆಲಕ್ಕೆ ತಾಗಿ ಪುಟಿದು, ಅಂಚು ಚೆಂಡಿನ ನಡುಮಟ್ಟಕ್ಕೆ ಬಡಿಯುತ್ತದೆ. ನಮ್ಮಲ್ಲಿ ಎರಡೂ ನೆಲ ಒಂದೇ ವರ್ಷದಲ್ಲಿ ಸಿಗುತ್ತವೆ. ಮಾರ್ಚಿನಲ್ಲಿ ಕೆಮ್ಮಣ್ಣು ಜಂಬಿಟ್ಟಿಗೆ ಕಲ್ಲಿನ ಹಾಗೆ ಆಗಿರುತ್ತದೆ, ಜುಲೈಯಲ್ಲಿ ಹೆಜ್ಜೆ ಇಟ್ಟರೆ ನೀರು ಒಸರುತ್ತದೆ. ನನ್ನ ಹಳೇ ಸ್ಯಾಂಡ್ ವೆಜ್‌ಗೆ 14 ಡಿಗ್ರಿ ಬೌನ್ಸ್. ಬೇಸಿಗೆಯಲ್ಲಿ ಗ್ರೀನಿನ ಪಕ್ಕದಿಂದ ಹೊಡೆದ ಚೆಂಡು ಮೊಣಕಾಲೆತ್ತರದಲ್ಲಿ ಗುಂಡಿನ ಹಾಗೆ ಹೋಗುತ್ತಿತ್ತು. ವರ್ಷಾನುಗಟ್ಟಲೆ ಅದಕ್ಕೆ ನನ್ನ ಕೈಯನ್ನೇ ಬೈದುಕೊಂಡೆ. ಈಗ 56 ಡಿಗ್ರಿಯದ್ದೇ ಎರಡು ಇಟ್ಟುಕೊಂಡಿದ್ದೇನೆ: 8 ಡಿಗ್ರಿ ಬೌನ್ಸಿನದ್ದು ಬೇಸಿಗೆಗೆ, ಹಳೇದು ಮಳೆಗೆ. ಬ್ಯಾಗಿನಲ್ಲಿ ಒಂದು, ಮನೆಯಲ್ಲಿ ಒಂದು. ಮುಂಗಾರು ಹಿಡಿದ ವಾರ ಬದಲಾಯಿಸುತ್ತೇನೆ, ಕಂಬಳಿ ತೆಗೆದಿಡುವ ಹಾಗೆ. ಲಾಬ್ ವೆಜ್‌ನ ಆರು ಹಾರುವಿಕೆಗಳಲ್ಲೂ ಅರ್ಧದ ತಪ್ಪು ನೆಲದ್ದೇ ಇರಬೇಕು ಅಂತ ಈಗ ಅನ್ನಿಸುತ್ತದೆ, ಆದರೂ ಅದನ್ನು ವಾಪಸ್ ತರುವುದಿಲ್ಲ.

ಮಳೆಗಾಲದಲ್ಲಿ ಆಡುತ್ತೀರಾ ಅಂತ ನೀವು ಕೇಳಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಅದರ ಬುಡದಲ್ಲಿರುವ ನಮ್ಮ ಬ್ಯಾಣಕ್ಕೆ ಜೂನಿನಿಂದ ಕಾಲಿಡಲಿಕ್ಕಾಗದು, ಉಂಬಳ ಬೇರೆ. ಚಿಕ್ಕಮಗಳೂರು ಪಟ್ಟಣ ಘಟ್ಟದ ಮೂಡಣ ಮಗ್ಗುಲಲ್ಲಿದೆ, ಅಲ್ಲಿ ಮಳೆ ಎಷ್ಟೋ ಕಡಿಮೆ, ಹೊಳವಾದ ದಿನ ಆಡಬಹುದು. ಆದರೆ ಚೆಂಡು ಬಿದ್ದಲ್ಲೇ ಕೂರುತ್ತದೆ, ಒಂದು ಗಜವೂ ಉರುಳುವುದಿಲ್ಲ. ಉರುಳಿದ ದೂರ ನಂಬಿ ಕ್ಲಬ್ ಆರಿಸಿದವನಿಗೆ ಅಲ್ಲಿ ಪೆಟ್ಟು. ಹುಡುಗನಿಗೆ ಬಿದ್ದ ಜಾಗದಲ್ಲೇ ಕಡ್ಡಿ ಊರಲಿಕ್ಕೆ ಹೇಳಿದ್ದು ಇದಕ್ಕೇ. ತೇವದ ಗಾಳಿ ಭಾರ, ಅದಕ್ಕೇ ಚೆಂಡು ಹೋಗುವುದಿಲ್ಲ ಅಂತ ಕ್ಯಾಡಿಗಳೂ ಹೇಳುತ್ತಾರೆ. ಆದರೆ ನೀರಾವಿ ಒಣಗಾಳಿಗಿಂತ ಹಗುರ, ಚೆಂಡನ್ನು ತಡೆಯುವುದು ಗಾಳಿಯ ತಂಪು. ಜುಲೈಯಲ್ಲಿ ನಾನು ಅದೇ ದೂರಕ್ಕೆ ಒಂದು ಮೆಟ್ಟಿಲು ಉದ್ದ ಹೋಗುವ ಕ್ಲಬ್ ತೆಗೆದುಕೊಳ್ಳುತ್ತೇನೆ. ಬ್ಯಾಗಿನಲ್ಲಿ ಖಾಲಿಯಾದ ಜಾಗಕ್ಕೆ ಎರಡು ಪಾಣಿಪಂಚೆ ಸೇರಿಸಿದ್ದೇನೆ, ಹಿಡಿಕೆ ಒರೆಸಲಿಕ್ಕೆ. ಅಂಗಡಿಯ ದಪ್ಪ ಟವೆಲ್ ನೀರು ಕುಡಿದರೆ ನಾಳೆಗೂ ಒಣಗದು.

11ರಿಂದ ಶುರು ಮಾಡಿದರೆ ಒಂದು ಅನುಕೂಲ ಇದೆ. ಸುತ್ತಿನ ನಡುವೆ ಬೇಕೆನಿಸಿದರೆ, ಆಟ ತಡಮಾಡದೆ, ಜೊತೆಗಾರರ ಬ್ಯಾಗಿನದ್ದು ಇಸಿದುಕೊಳ್ಳದೆ, 14 ಆಗುವ ತನಕ ಸೇರಿಸಿಕೊಳ್ಳಬಹುದು. ಹೆಚ್ಚಾದರೆ ಮಾತ್ರ ದಂಡ: ಹೊಡೆತ ಎಣಿಸುವ ಸ್ಟ್ರೋಕ್ ಆಟದಲ್ಲಿ ಒಂದು ಹೋಲ್‌ಗೆ, ಅಂದರೆ ಕುಳಿಗೆ, ಎರಡು ಹೊಡೆತ, ಒಂದು ಸುತ್ತಿಗೆ ಹೆಚ್ಚೆಂದರೆ ನಾಲ್ಕು. ವೇಲ್ಸ್‌ನ ಹೆಸರಾಂತ ಆಟಗಾರ ಇಯಾನ್ ವೂಸ್ನಮ್ 2001ರ ಬ್ರಿಟಿಷ್ ಓಪನ್ ಪಂದ್ಯದ ಕೊನೆಯ ದಿನ, ರಾಯಲ್ ಲಿಥಮ್‌ನಲ್ಲಿ, ಮೊದಲ ಹೋಲ್ ಬರ್ಡಿ ಮಾಡಿ, ಅಂದರೆ ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಮುಗಿಸಿ, ಎರಡನೇ ಹೋಲ್ ಶುರುವಾಗುವ ಟೀ ಮೇಲೆ ನಿಂತಾಗ ಬ್ಯಾಗಿನಲ್ಲಿ 15 ಇದ್ದದ್ದು ಗೊತ್ತಾಯಿತು. ಬೆಳಿಗ್ಗೆ ಎರಡು ಡ್ರೈವರ್ ಹೊಡೆದು ನೋಡಿ, ಒಂದನ್ನು ತೆಗೆದಿಡಲಿಕ್ಕೆ ಮರೆತಿದ್ದರು. ಎರಡು ಹೊಡೆತ ಹೋಯಿತು, ಕೊನೆಗೆ ಜಂಟಿ ಮೂರನೇ ಸ್ಥಾನ. ಅಷ್ಟು ದೊಡ್ಡವರೇ ಎಣಿಸಲಿಲ್ಲ. ನಾನು ಮೈದಾನದಲ್ಲಿ ಕಾರಿನ ಡಿಕ್ಕಿ ಮುಚ್ಚುವ ಮುಂಚೆ ಈಗಲೂ ಬೆರಳು ಮಡಚಿ ಎಣಿಸುತ್ತೇನೆ.

ಪಟರ್ ಬಗ್ಗೆ ಹೇಳಲಿಕ್ಕೆ ಏನೂ ಇಲ್ಲ, ಅದೇ ಹಳೇದು. ಡ್ರೈವರ್ ಬಗ್ಗೆ ಹೇಳಿದರೆ ಜಗಳ ಆಗುತ್ತದೆ. 5ನೇ ಐರನ್ನಿಗೆ ಮಾತ್ರ ಜೀವ ಸ್ವಲ್ಪ ಎಳೆಯುತ್ತದೆ. ಮರದ ಕೆಳಗಿಂದ ತಗ್ಗಿಸಿ ಹೊಡೆಯಲಿಕ್ಕೆ ಹೈಬ್ರಿಡ್ ಅಷ್ಟು ಒಗ್ಗುವುದಿಲ್ಲ, ಅದು ಏಳಬಾರದು ಅಂದರೂ ಏಳುತ್ತದೆ. ಗಾಳಿ ಇರುವ ದಿನ ಆ 5ನೇ ಐರನ್ನನ್ನು ಹನ್ನೆರಡನೆಯದಾಗಿ ತುರುಕಿಕೊಂಡು ಹೋದದ್ದುಂಟು. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಬೇರೆಯೇ ಪುಟ ತೆರೆದಿದ್ದೇನೆ, ಇಲ್ಲಿಯ ತನಕ ಏಳು ಗೆರೆ, ನಾಲ್ಕು ಒಳ್ಳೆಯದು.

ಕಾಫಿ ತೋಟದ ಗೆಳೆಯರು 7ನೇ ನಂಬರಿನ ವುಡ್ ಒಂದು ಕೊಟ್ಟು, "ಮಳೆಗಾಲಕ್ಕೆ ನಿಮ್ಮ ಹೈಬ್ರಿಡ್‌ಗಿಂತ ಇದು ಲಾಯಕ್ಕು, ನೋಡಿ ಮಾರಾಯ್ರೇ" ಅಂದಿದ್ದಾರೆ. ಹಾಳೆ ಹಾಸಿ ನೋಡದೆ ಒಪ್ಪುವುದಿಲ್ಲ. ಈ ಸಲ ಕೊನೆಕೊಯ್ಲು ತಡ. ಬ್ಯಾಣದ ಹುಲ್ಲು ಇನ್ನೂ ಕೊಯ್ದಿಲ್ಲ, ಹುಡುಗನಿಗೂ ಪರೀಕ್ಷೆ.