ಪಾಳಿ, ಬಿಲ್ಲೆ, ಮುಕಾದಮ: ಕಲಬುರಗಿ ಕಾರ್ಮಿಕರ ಮಾತು ದಾಖಲಿಸಿದ ಬಗೆ

“ನಿಮ್ಮ ಜೀವನದ ಬಗ್ಗೆ ಹೇಳ್ರಿ” ಅಂದರೆ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ: “ಏನದಾರಿ ಹೇಳಾದು, ಭಾಳ ತ್ರಾಸ್ ಆಯ್ತು, ಹ್ಯಾಂಗೋ ಹೊಟ್ಟಿ ತುಂಬ್ತು.” ಅವರನ್ನೇ “ಕಾಕಾ, ಗೇಟ್ ದಾಟಿದ ಮ್ಯಾಲ ಮೊದಲ ಎಲ್ಲಿಗಿ ಹೋಗ್ತಿದ್ರಿ?” ಎಂದು ಕೇಳಿದರೆ ಒಂದು ತಾಸು ಮಾತು ನಿಲ್ಲುವುದಿಲ್ಲ. ಕಾರ್ಮಿಕರ ಮೌಖಿಕ ಇತಿಹಾಸ ದಾಖಲಿಸುವಾಗ ನಾವು ಹಿಡಿದುಕೊಂಡ ಮುಖ್ಯ ನಿಯಮ ಇದೇ. ಬದುಕು ಹೇಗಿತ್ತು ಅಂತ ಕೇಳುವುದಿಲ್ಲ, ಕೆಲಸ ಹೇಗೆ ಮಾಡುತ್ತಿದ್ದಿರಿ ಅಂತ ಕೇಳುತ್ತೇವೆ. ಬದುಕು ತಾನಾಗಿ ಅದರ ಹಿಂದೆ ಬರುತ್ತದೆ.

ಕಲಬುರಗಿ ಸುತ್ತ ಈ ಕೆಲಸಕ್ಕೆ ನಾಲ್ಕು ಬಗೆಯ ಜನ ಸಿಗುತ್ತಾರೆ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹೆಸರು ಹೊತ್ತ, ಈಗ ಮುಚ್ಚಿಹೋಗಿರುವ ಬಟ್ಟೆ ಗಿರಣಿ ಮಹಬೂಬ್ ಶಾಹಿ ಕಲಬುರಗಿ ಮಿಲ್, ಅಂದರೆ ಎಲ್ಲರ ಬಾಯಲ್ಲಿ ಎಂಎಸ್‌ಕೆ ಮಿಲ್, ಅಲ್ಲಿನವರು ಒಂದು ಬಗೆ. ಶಹಾಬಾದ್, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯವರು ಇನ್ನೊಂದು. ಫರಸಿ, ಅಂದರೆ ಹಾಸುಗಲ್ಲಿನ ಖಣಿಯವರು ಮೂರನೆಯವರು, ದಾಲ್ ಮಿಲ್ಲಿನವರು ನಾಲ್ಕನೆಯವರು. ನಾಲ್ಕನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಬಾರದು. ಒಂದೊಂದರ ಮಾತೂ ಬೇರೆ, ಲೆಕ್ಕವೂ ಬೇರೆ. ಒಂದು ಸುತ್ತಿಗೆ ಒಂದೇ ಉದ್ಯೋಗ, ಇಪ್ಪತ್ತು ಜನ ಸಾಕು.

ಇಪ್ಪತ್ತು ಅನ್ನುವುದಕ್ಕೆ ಲೆಕ್ಕವಿದೆ. ಒಬ್ಬರೊಂದಿಗೆ ಎರಡು ಸಲ, ಸಲಕ್ಕೆ 75 ನಿಮಿಷ ಕೂತರೆ 50 ತಾಸಿನ ಧ್ವನಿ ಆಗುತ್ತದೆ. ಒಂದು ತಾಸಿನ ಮಾತನ್ನು ಅಕ್ಷರಕ್ಕಿಳಿಸಲು ಪಳಗಿದ ಕೈಗೂ ಆರರಿಂದ ಎಂಟು ತಾಸು ಬೇಕು. ಕನ್ನಡ, ದಖನಿ (ನಮ್ಮ ಕಡೆಯ ಉರ್ದು), ಮರಾಠಿ, ತೆಲುಗು ಬೆರೆತ ನಮ್ಮ ಕಡೆಯ ಮಾತಿಗೆ ಎಂಟೇ ಅಂತ ಹಿಡಿಯಿರಿ. 400 ತಾಸು ಆಯಿತು. ದಿನಕ್ಕೆ ಆರು ತಾಸು ಕೂತರೂ ಒಬ್ಬರಿಗೆ ಎರಡು ತಿಂಗಳು ಮೀರಿದ ಕೆಲಸ. ಇದನ್ನು ಮೊದಲೇ ಲೆಕ್ಕ ಹಾಕದೆ ನೂರು ಜನರನ್ನು ದಾಖಲಿಸಿದವರ ಹಾರ್ಡ್ ಡಿಸ್ಕುಗಳು ಕಪಾಟಿನಲ್ಲಿ ಮೂಕವಾಗಿ ಬಿದ್ದಿರುತ್ತವೆ.

ಜನರನ್ನು ಹುಡುಕಲು ಯೂನಿಯನ್ ಆಫೀಸಿಗೆ ಹೋದರೆ ಮೊದಲ ಐದೂ ಹೆಸರು ಮುಖಂಡರದೇ ಸಿಗುತ್ತವೆ. ಅವರು ಚೆನ್ನಾಗಿ ಮಾತಾಡುತ್ತಾರೆ. ತೊಡಕು ಇರುವುದೂ ಅಲ್ಲೇ, ಹಲವು ಸಭೆಗಳಲ್ಲಿ ಹೇಳಿ ಹೇಳಿ ಹದಗೊಂಡ ಭಾಷಣವೇ ಮತ್ತೆ ಹೊರಬರುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಚೌಕ ಹಾಕಿಕೊಳ್ಳುತ್ತೇವೆ. ಅಡ್ಡಸಾಲಿನಲ್ಲಿ ಖಾತೆಗಳು, ಅಂದರೆ ಮಿಲ್ಲಿನ ವಿಭಾಗಗಳು: ಹತ್ತಿ ಬಿಡಿಸುವುದು, ಕಾರ್ಡಿಂಗ್ (ಹತ್ತಿ ಹಿಂಜುವುದು), ನೂಲು, ನೇಯ್ಗೆ, ಬಾಯ್ಲರ್, ಕ್ಯಾಂಟೀನು. ಕಂಬಸಾಲಿನಲ್ಲಿ ಕಾಯಂ, ಬದಲಿ, ಗುತ್ತಿಗೆ. ಖಾಲಿ ಉಳಿದ ಚೌಕವೇ ಮುಂದೆ ಯಾರನ್ನು ಹುಡುಕಬೇಕು ಅಂತ ಹೇಳುತ್ತದೆ. ದಿನಾ ಗೇಟಿನ ಮುಂದೆ ನಿಂತು, ಯಾರಾದರೂ ರಜೆ ಹಾಕಿದರೆ ಮಾತ್ರ ಒಳಗೆ ಹೋಗುತ್ತಿದ್ದ ಬದಲಿ ಕಾರ್ಮಿಕರು ಸಿಗುವುದು ಎಲ್ಲರಿಗಿಂತ ಕಷ್ಟ. ತಿಂಗಳ ಮೊದಲ ವಾರ ಪಿಂಚಣಿಗೆ ಜನ ಸೇರುವ ಬ್ಯಾಂಕಿನ ಮುಂಭಾಗ, ಹಳೇ ಗೇಟಿನ ಎದುರಿನ ಚಹಾದಂಗಡಿ, ಕಾಲೊನಿಯ ಗುಡಿಕಟ್ಟೆ, ಮಸೀದಿಯ ಅಂಗಳ, ಇವು ಕಚೇರಿಯ ಪಟ್ಟಿಗಿಂತ ಹೆಚ್ಚು ಹೆಸರು ಕೊಡುತ್ತವೆ.

ಬ್ಯಾಂಕಿನ ಮುಂದೆ ಮೊದಲು ಎದುರಾಗುವ ಪ್ರಶ್ನೆ ಒಂದೇ: “ಸಾಹೇಬ್ರ, ನಮ್ಮ ಪಿಂಚಣಿ ಏನರ ಹೆಚ್ಚಾಗ್ತದೇನ್ರಿ?” ಕೈಯಲ್ಲಿ ಫಾರಂ ಹಿಡಿದವರನ್ನು ಪಿಎಫ್ ಕಚೇರಿಯವರು ಅಂತಲೇ ತಿಳಿಯುತ್ತಾರೆ. ಅಲ್ಲೇ, ಆಗಲೇ ಇಲ್ಲ ಅಂತ ಹೇಳಬೇಕು. ಆಧಾರ್ ಸಂಖ್ಯೆ, ಪಿಎಫ್ ಸಂಖ್ಯೆ ಬರೆದುಕೊಳ್ಳಲೇಬಾರದು. ಅವು ನಮ್ಮ ಕೆಲಸಕ್ಕೆ ಬೇಕಿಲ್ಲ, ಬರೆದುಕೊಂಡರೆ ಸುಳ್ಳು ಆಸೆಯೂ ಬೆಳೆಯುತ್ತದೆ.

ಮೊದಲ ಭೇಟಿಗೆ ರೆಕಾರ್ಡರ್ ಬೇಡ. ಇಪ್ಪತ್ತು ನಿಮಿಷ ಸಾಕು: ಯಾವ ಖಾತೆ, ಯಾವಾಗ ಸೇರಿದ್ದು, ಯಾವಾಗ ಬಿಟ್ಟಿದ್ದು, ಮನೆಮಾತು ಯಾವುದು, ಕಿವಿ ಹೇಗಿದೆ, ಎಷ್ಟು ಹೊತ್ತು ಕೂರಬಲ್ಲರು. ಅವರು ಕಥೆ ಶುರು ಮಾಡಿದರೆ ಮೆಲ್ಲಗೆ ತಡೆಯಬೇಕು. ಒಮ್ಮೆ ಪೂರ್ತಿ ಹೇಳಿಬಿಟ್ಟರೆ ದಾಖಲಿಸುವ ದಿನ “ಅವತ್ತ ಹೇಳೀನಲ್ಲ” ಅನ್ನುತ್ತಾರೆ. ಆ ದಿನ ವಾರದೊಳಗೇ ಇರಲಿ.

ಇಸವಿಯದ್ದೇ ದೊಡ್ಡ ಗೋಜಲು. ಇಸವಿ ನೆನಪಿಲ್ಲದವರಿಗೂ ಗುರುತುಗಳು ನೆನಪಿರುತ್ತವೆ: ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಪೊಲೀಸ್ ಆ್ಯಕ್ಷನ್, 1956ರ ಏಕೀಕರಣ, 1972ರ ಬರ, ತುರ್ತು ಪರಿಸ್ಥಿತಿ, ಇಂದಿರಾ ಗಾಂಧಿ ತೀರಿಕೊಂಡದ್ದು. ಎಲ್ಲಕ್ಕಿಂತ ಗಟ್ಟಿ ಗುರುತು 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ. ಗಣಪತಿ ಬಿಟ್ಟ ರಾತ್ರಿ, ನಸುಕಿನ ನಾಲ್ಕರ ಹೊತ್ತು. “ಭೂಮಿ ನಡುಗಿದಾಗ ಯಾವ ಪಾಳಿಯೊಳಗಿದ್ರಿ?” ಎಂದರೆ ಕೆಲಸದಲ್ಲಿದ್ದರೋ ಬಿಟ್ಟಿದ್ದರೋ, ರಾತ್ರಿ ಪಾಳಿ ಇನ್ನೂ ನಡೆಯುತ್ತಿತ್ತೋ ಇಲ್ಲವೋ, ಎಲ್ಲ ಒಂದೇ ಉತ್ತರದಲ್ಲಿ ಸಿಗುತ್ತದೆ. ಶರಣಬಸವೇಶ್ವರರ ಜಾತ್ರೆ ಅಂದರೆ ಹೋಳಿ ಹುಣ್ಣಿಮೆ ಕಳೆದ ಮೇಲಿನ ದಿನಗಳು, ಕಾಲ ನಿಶ್ಚಿತ. ಬಂದೇನವಾಜರ ಉರುಸು ಹಾಗಲ್ಲ. ಅದು ಚಾಂದ್ರಮಾನದ ಹಿಜರಿ ಪಂಚಾಂಗದ ಜಿಲ್ಕಾದ ತಿಂಗಳಿನದು, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುತ್ತದೆ. “ಉರುಸಿನ ಹೊತ್ತಿಗೆ ಹರತಾಳ ಆಯ್ತು” ಅಂದರೆ ಅದು ಬೇಸಿಗೆಯೋ ಮಳೆಗಾಲವೋ ಅಂತ ಬೇರೆಯಾಗಿ ಕೇಳಲೇಬೇಕು.

ಅಪ್ಪ, ಅಜ್ಜನ ಕಾಲದ ಉರ್ದು ಕಾಗದಗಳಲ್ಲಿ ಇಸವಿಯ ಬದಲು ನಿಜಾಮರ ಸರ್ಕಾರಿ ಲೆಕ್ಕದ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಬರುತ್ತದೆ. ಹೈದರಾಬಾದ್ ಸಂಸ್ಥಾನದ ಫಸಲಿ ಅಕ್ಟೋಬರಿನಲ್ಲಿ ಶುರುವಾಗುವುದರಿಂದ 1357 ಫಸಲಿ ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗೆ. ಪಗಾರದ ಅಂಕಿ ಕಂಡರೆ ಅದು ನಿಜಾಮರ ಹಾಲಿ ಸಿಕ್ಕವೋ ಬ್ರಿಟಿಷರ ಕಲ್ದಾರವೋ ನೋಡಬೇಕು. ಏಳು ಹಾಲಿ ರೂಪಾಯಿಗೆ ಸುಮಾರು ಆರು ಬ್ರಿಟಿಷ್ ರೂಪಾಯಿ. 14 ರೂಪಾಯಿ ಹಾಲಿ ಪಗಾರ ಎಂದರೆ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಸೊಲ್ಲಾಪುರದ ಲೆಕ್ಕದಲ್ಲಿ 12. ಇದನ್ನು ಗಮನಿಸದೆ ಎರಡೂರಿನ ಕೂಲಿ ಹೋಲಿಸಿದ ಬರಹವೆಲ್ಲ ದಂಡ.

ಇನ್ನು ಪ್ರಶ್ನೆಗಳು. ಎ3 ಹಾಳೆ ಮತ್ತು ಸ್ಕೆಚ್ ಪೆನ್ ಕೊಟ್ಟು ಖಾತೆಯ ನಕ್ಷೆ ಬರೆಯಿಸುತ್ತೇವೆ. ಗೇಟು ಎಲ್ಲಿ, ಹಾಜರಿಯ ಬಿಲ್ಲೆ ತೂಗಿಸುವ ಹಲಗೆ ಎಲ್ಲಿ, ಕೆಲಸ ಮಾಡಿಸುವ ಮೇಸ್ತ್ರಿ ಅಂದರೆ ಮುಕಾದಮ ನಿಲ್ಲುತ್ತಿದ್ದುದು ಎಲ್ಲಿ, ನೀರಿನ ಕೊಡ ಎಲ್ಲಿ. ಕೊಡ ಎಷ್ಟಿತ್ತು ಎಂದು ಕೇಳಿದರೆ ಯಾರು ಯಾವುದರಲ್ಲಿ ಕುಡಿಯುತ್ತಿದ್ದರು ಅನ್ನುವ ಜಾತಿಯ ಸಂಗತಿ ಹೊರಬರುತ್ತದೆ. ನೇರವಾಗಿ ಜಾತಿ ಕೇಳಿದರೆ “ಹಂಗೇನಿರ್ಲಿಲ್ರಿ” ಎಂಬ ಉತ್ತರ ಬರುತ್ತದೆ. ಅವರು ಬೆರಳು ತೋರಿಸಿ “ಇಲ್ಲಿ” ಎಂದಾಗ, ಕೈ ಅಗಲಿಸಿ “ಇಷ್ಟುದ್ದ” ಎಂದಾಗ ನಾವು ಮಾತಿನಲ್ಲಿ ಹೇಳಬೇಕು: “ಒಂದೂವರಿ ಮೊಳ ಅಂದಂಗಾಯ್ತಲ್ರಿ.” ಧ್ವನಿಗೆ ಕಣ್ಣಿಲ್ಲ.

ನೇಯ್ಗೆ ಖಾತೆಯವರನ್ನು ಕೇಳಬೇಕಾದದ್ದು: ಬೇಸಿಗೆಯಲ್ಲಿ ಎಳೆ ಎಷ್ಟು ಕಡಿಯುತ್ತಿತ್ತು, ಖಾತೆಯೊಳಗೆ ತೇವ ಉಳಿಸಲು ಏನು ಮಾಡುತ್ತಿದ್ದರು. ಒಣ ಗಾಳಿಗೆ ಹತ್ತಿ ನೂಲು ತುಂಡಾಗುತ್ತದೆ, ನಮ್ಮೂರಿನ ಏಪ್ರಿಲ್ ಗಾಳಿ ಹೇಗಿರುತ್ತದೆ ಹೇಳಬೇಕಿಲ್ಲ. ಲಾಳಿಯ ಕಣ್ಣಿನಿಂದ ಎಳೆಯನ್ನು ಬಾಯಿಂದ ಹೀರುತ್ತಿದ್ದರೇ? ಮಗ್ಗದ ಸದ್ದಿನಲ್ಲಿ ಯಾವ ಸನ್ನೆಯಲ್ಲಿ ಮಾತಾಡುತ್ತಿದ್ದರು? ಈ ಸನ್ನೆಗಳಿಗೆ ಮಾತ್ರ ವಿಡಿಯೊ ಬೇಕೇ ಬೇಕು. ಕಾರ್ಡಿಂಗ್ ಖಾತೆಯವರನ್ನು “ಧೂಳಿತ್ತೇ?” ಎನ್ನುವ ಬದಲು “ರಜಾದ ಮರುದಿನ ಎದಿ ಬಿಗೀತಿತ್ತೇನ್ರಿ?” ಎನ್ನಿ. ಹತ್ತಿ ಧೂಳಿನ ಬೇನೆ ವಾರದ ರಜೆ ಮುಗಿಸಿ ಬಂದ ಮೊದಲ ದಿನವೇ ಜೋರು. ಅದನ್ನು ಅನುಭವಿಸಿದವರು ತಟ್ಟನೆ ತಲೆ ಎತ್ತುತ್ತಾರೆ.

ಸಿಮೆಂಟಿನ ಭಟ್ಟಿಯ ಮುಂದೆ ನಿಂತವರನ್ನು ನೀಲಿ ಗಾಜಿನ ಬಗ್ಗೆ ಕೇಳಬೇಕು. 1450 ಡಿಗ್ರಿಯ ಹತ್ತಿರ ಕಾದ ಸರಕನ್ನು ಆ ಗಾಜಿನಿಂದ ನೋಡಿ, ಬಣ್ಣದ ಮೇಲೆ ಹದ ಹೇಳುವ ಕಣ್ಣು ಅವರದು. ಭಟ್ಟಿ ನಿಲ್ಲಿಸಿ ಒಳಗೆ ಇಟ್ಟಿಗೆ ಕಟ್ಟಲು ಇಳಿಯುವಾಗ ಎಷ್ಟು ತಾಸು ಆರಲು ಬಿಡುತ್ತಿದ್ದರು, ಬೇಗ ಇಳಿಯಿರಿ ಅಂತ ಹೇಳುತ್ತಿದ್ದವರು ಯಾರು, ಇದರಲ್ಲೇ ಕಾರ್ಖಾನೆಯ ಒಳರಾಜಕೀಯ ಇದೆ.

ಫರಸಿ ಖಣಿಯಲ್ಲಿ ಅಳತೆಯ ಮಾತು ಮೋಸ ಮಾಡುತ್ತದೆ. ‘ಬ್ರಾಸ್’ ಎಂದರೆ ಹಾಸುಗಲ್ಲಿಗೆ 100 ಚದರ ಅಡಿ, ಅದೇ ಉಸುಕು ಜಲ್ಲಿಗೆ 100 ಘನ ಅಡಿ. ಕೂಲಿ ಯಾವುದಕ್ಕೆ ಅಂತ ಖಚಿತ ಮಾಡಿಕೊಳ್ಳಿ. ಪದರ ಎಬ್ಬಿಸುವಾಗ ಹಾರೆ ಎಲ್ಲಿ ಇಡುತ್ತಾರೆ, ಸುತ್ತಿಗೆಯ ಸದ್ದಿನಿಂದ ಒಡಕು ಹೇಗೆ ಗುರುತಿಸುತ್ತಾರೆ, ಮಳೆಗೆ ಖಣಿ ತುಂಬಿದ ತಿಂಗಳುಗಳಲ್ಲಿ ಒಲೆ ಹೇಗೆ ಉರಿಯುತ್ತಿತ್ತು. ಮುಂಗಡದ ವಿಷಯ ಜಾಗ್ರತೆ. ಸಾಲ ಇನ್ನೂ ಬಾಕಿ ಇರುವವರ ಮಾತು ಹೊರಗೆ ಹೋದರೆ ನಾಳೆ ಅವರ ಕೆಲಸ ಹೋಗುತ್ತದೆ. ಅಂಥ ಭಾಗಕ್ಕೆ ಹೆಸರು ತೆಗೆಯುವುದಷ್ಟೇ ಸಾಲದು. ಖಣಿಯ ಗುರುತು, ಊರು, ವರ್ಷ ಮೂರನ್ನೂ ಮುಚ್ಚಬೇಕು.

ದಾಲ್ ಮಿಲ್ಲಿನ ಹೆಣ್ಣುಮಕ್ಕಳದು ಬೇರೆ ಪಾಠ. “ನಾ ಏನ್ ಕೆಲಸ ಮಾಡೀನ್ರಿ, ಬರೀ ಕಾಳು ಆರಿಸ್ತಿದ್ದೆ” ಎನ್ನುತ್ತಾರೆ. ಆ ‘ಬರೀ’ಯೊಳಗೆ ಎಣ್ಣೆ ಹಚ್ಚಿದ ತೊಗರಿಯನ್ನು ಬಿಸಿಲಿಗೆ ಹರವಿ ಕಾಲಾಡಿಸುವುದು, ಸಂಜೆಗೆ ರಾಶಿ ಮಾಡುವುದು, ಚುನ್ನಿ (ಸಿಪ್ಪೆ, ನುಚ್ಚು) ಬೇರ್ಪಡಿಸುವುದು, ಕೂಸನ್ನು ಚೀಲದ ನೆರಳಲ್ಲಿ ಮಲಗಿಸುವುದು ಎಲ್ಲ ಇದೆ. ಮೊರ ಕೈಗೆ ಕೊಟ್ಟು ತೋರಿಸಲು ಹೇಳಿದರೆ ಮಾತು ಕೈಯಿಂದ ಶುರುವಾಗುತ್ತದೆ. ಗಂಡನೋ ಮಗನೋ ಪಕ್ಕದಲ್ಲಿದ್ದರೆ ಉತ್ತರ ಅವರೇ ಕೊಡುತ್ತಾರೆ. ನಮ್ಮ ತಂಡದ ಒಬ್ಬರು ಅವರನ್ನು ಹೊರಗೆ ಕಟ್ಟೆಯ ಮೇಲೆ ಬೇರೆ ಮಾತಿಗೆ ಎಳೆಯುವುದು, ಹೆಂಗಸರೇ ಒಳಗೆ ಕೂತು ಕೇಳುವುದು, ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕಿಲ್ಲ.

ಸಾಮಾನು ಹೆಚ್ಚು ಬೇಡ. ಒಂದು ರೆಕಾರ್ಡರ್, ಅಂಗಿಗೆ ಸಿಕ್ಕಿಸುವ ಮೈಕು, ಹೆಡ್‌ಫೋನ್, ಎರಡು ಕಾರ್ಡು, ಎರಡು ಜೊತೆ ಸೆಲ್ಲು. ಮೈಕು ಗದ್ದದಿಂದ ಒಂದು ಗೇಣು ಕೆಳಗೆ. ಧ್ವನಿಯ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸು ಇದ್ದರೆ ಜೋರಾಗಿ ನಕ್ಕರೂ ಒಡೆಯುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತಕ್ಕೆ ಒಂದೇ ಚಾನೆಲ್ಲಾದರೆ ತಾಸಿಗೆ ಅರ್ಧ ಜಿಬಿ, ಎರಡಾದರೆ ಒಂದು ಜಿಬಿ. ಕೆಲವು ರೆಕಾರ್ಡರುಗಳಲ್ಲಿ ಕೆಂಪು ಗುಂಡಿ ಒಮ್ಮೆ ಒತ್ತಿದರೆ ದೀಪ ಮಿನುಗುತ್ತದೆ ಅಷ್ಟೇ, ದಾಖಲಾಗುವುದಿಲ್ಲ. ಎರಡನೇ ಸಲ ಒತ್ತಬೇಕು. ಸೆಕೆಂಡಿನ ಅಂಕಿ ಓಡುತ್ತಿದೆಯೇ ಅಂತ ನೋಡಿ ಆಮೇಲೆ ಮಾತು ಶುರು ಮಾಡಿ.

ಬೇಸಿಗೆಯಲ್ಲಿ ಫ್ಯಾನು ಆರಿಸಿ ಎನ್ನುವುದು ಎಂಬತ್ತರ ಮುದುಕರಿಗೆ ಶಿಕ್ಷೆ. ಬೆಳಿಗ್ಗೆ ಏಳರಿಂದ ಹತ್ತರೊಳಗೆ ಮುಗಿಸುವುದೇ ದಾರಿ. ತಗಡಿನ ಮನೆಯಾದರೆ ಗೋಡೆಗೆ ಕೌದಿ ತೂಗುಹಾಕಿದರೆ ಗುಂಯ್ ಎನ್ನುವುದು ತಗ್ಗುತ್ತದೆ. ಮಗ್ಗದ ಖಾತೆಯವರಿಗೆ ಕಿವಿ ಮಂದ ಇರುವುದು ಸಾಮಾನ್ಯ. ಎದುರಿಗೆ, ಬೆಳಕು ನಮ್ಮ ಮುಖದ ಮೇಲೆ ಬೀಳುವಂತೆ ಕೂತು ನಿಧಾನ ಮಾತಾಡಿದರೆ ತುಟಿ ಓದುತ್ತಾರೆ. ಮಿಲ್ಲಿನಲ್ಲೇ ಕಲಿತ ವಿದ್ಯೆ ಅದು. ಕಿರುಚಬೇಡಿ. ಅವರು ಹೇಳುವಾಗ “ಹಾಂ ಹಾಂ” ಅನ್ನುವುದನ್ನೂ ಬಿಟ್ಟು ತಲೆ ಮಾತ್ರ ಆಡಿಸಿ.

ಒಪ್ಪಿಗೆ ಪತ್ರ ಒಂದೇ ಪುಟ, ಕನ್ನಡ ಮತ್ತು ಉರ್ದುವಿನಲ್ಲಿ, ಎರಡು ಪ್ರತಿ. ಯಾರು ಕೇಳಬಹುದು, ಹೆಸರು ಇರಲೋ ಬೇಡವೋ, ಯಾವ ಭಾಗವನ್ನು ಎಷ್ಟು ವರ್ಷ ಮುಚ್ಚಿಡಬೇಕು, ಮನಸ್ಸು ಬದಲಾದರೆ ಯಾರಿಗೆ ಹೇಳಬೇಕು. ಓದಲು ಬಾರದವರಿಗೆ ಓದಿ ಹೇಳುವುದನ್ನೂ ಅವರು ಒಪ್ಪುವುದನ್ನೂ ದಾಖಲಿಸಿ, ಆಮೇಲೆ ಹೆಬ್ಬೆಟ್ಟು. ಸಹಿ ಮೊದಲಲ್ಲ, ಮಾತು ಮುಗಿದ ಮೇಲೆ. ತಾನು ಏನು ಹೇಳಿದೆ ಅಂತ ಗೊತ್ತಾದ ಮೇಲಲ್ಲವೇ ಒಪ್ಪಿಗೆಗೆ ಬೆಲೆ? ಮಾತಿಗೆ ಹಣ ಕೊಡುವುದಿಲ್ಲ. ದಿನಗೂಲಿಯವರಿಗೆ ಆ ದಿನದ ಕೂಲಿ ಮಾತ್ರ ಕೊಡುತ್ತೇವೆ, ಕೊಟ್ಟದ್ದನ್ನು ಕಡತದಲ್ಲಿ ಬರೆಯುತ್ತೇವೆ. ಹಳೇ ಪಗಾರ ಚೀಟಿ, ಬಿಲ್ಲೆ, ಗುಂಪಿನ ಫೋಟೊಗಳನ್ನು ಅಲ್ಲೇ ಕಿಟಕಿಯ ಬೆಳಕಿನಲ್ಲಿ ಪಕ್ಕಕ್ಕೆ ಅಳತೆಪಟ್ಟಿ ಇಟ್ಟು ತೆಗೆದು, ಅಲ್ಲೇ ವಾಪಸ್ ಕೊಡುವುದು. ಮನೆಗೆ ಒಯ್ದ ಫೋಟೊ ಮರಳುವುದಿಲ್ಲ ಅಂತ ಎಲ್ಲ ಮನೆಯವರಿಗೂ ಗೊತ್ತಿದೆ.

ಅದೇ ಸಂಜೆ ಮೂರು ಪ್ರತಿ: ಎರಡು ಬೇರೆ ಡಿಸ್ಕು, ಒಂದು ಬೇರೆ ಮನೆಯಲ್ಲಿ. ಕಡತದ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇರಲಿ. ಕನ್ನಡ ಒತ್ತಕ್ಷರ ಇದ್ದ ಹೆಸರುಗಳು ಹಳೇ ಸಾಧನಗಳಲ್ಲಿ ಕಲಸಿಹೋಗುತ್ತವೆ. ಅಕ್ಷರಕ್ಕಿಳಿಸುವಾಗ ‘ಹೋಗ್ಲಾಕತ್ತಿದ್ದೆ’ ಎಂಬುದನ್ನು ‘ಹೋಗುತ್ತಿದ್ದೆ’ ಮಾಡುವಂತಿಲ್ಲ. ದಖನಿಯ ‘ನಕ್ಕೊ’ (ಬೇಡ), ‘ಹೌ’ (ಹೌದು) ಕನ್ನಡ ಲಿಪಿಯಲ್ಲಿ ಹಾಗೇ ಉಳಿಯಬೇಕು. ಆದರೆ ಮುಕಾದಮ, ಮುಕ್ಕದ್ಮ, ಮುಕಾದಂ ಅಂತ ಮೂರು ಬಗೆ ಬರೆದರೆ ಮುಂದೆ ಹುಡುಕುವವರಿಗೆ ಒಂದೂ ಸಿಗುವುದಿಲ್ಲ. ಅದಕ್ಕೆ ಪದಪಟ್ಟಿ ಬೇರೆ, ಅದರಲ್ಲಿ ಒಂದು ರೂಪ ನಿಗದಿ. ಪ್ರತಿ ಐದು ನಿಮಿಷಕ್ಕೆ ಒಂದು ಸಾಲಿನ ಸಾರಾಂಶವನ್ನು ಆ ರೂಪದಲ್ಲೇ ಬರೆಯುತ್ತೇವೆ.

ಕೊನೆಗೆ ಎಂಪಿ3 ಮಾಡಿ ಮನೆಯವರ ಫೋನಿಗೆ ಕೊಡುವುದು, ತಾಸಿಗೆ ಅರವತ್ತು ಎಂಬಿಯೊಳಗೆ ಬರುತ್ತದೆ. ತಿದ್ದಲು ಒಂದು ತಿಂಗಳ ಅವಧಿ. ಆಮೇಲೆ ಕಾಲೊನಿಯಲ್ಲೇ ಒಂದು ಸಂಜೆ, ಒಪ್ಪಿಗೆ ಇದ್ದ ತುಣುಕುಗಳನ್ನು ಮೂರು ನಾಲ್ಕು ನಿಮಿಷದಂತೆ ಕೇಳಿಸುತ್ತೇವೆ. ಒಬ್ಬರು ಹೇಳಿದ ಇಸವಿಯನ್ನು ಇನ್ನೊಬ್ಬರು ತಿದ್ದುತ್ತಾರೆ, “ಅದು ಎರಡನೇ ಪಾಳಿ ಅಲ್ಲೋ, ರಾತ್ರಿ ಪಾಳಿ” ಎಂದು ಜಗಳ ಹತ್ತುತ್ತದೆ. ಮೂಲ ಕಡತವನ್ನು ಮಾತ್ರ ತಿದ್ದುವುದಿಲ್ಲ. ಸಭೆಯ ನಡುವೆ ಇನ್ನೊಂದು ರೆಕಾರ್ಡರ್ ಚಾಲೂ ಇಟ್ಟಿರುತ್ತೇವೆ, ಎಲ್ಲರಿಗೂ ಹೇಳಿಯೇ. ಆ ಜಗಳಕ್ಕೂ ಪಟ್ಟಿಯಲ್ಲಿ ಒಂದು ಸಂಖ್ಯೆ ಬೀಳುತ್ತದೆ.