ಬಾದಾಮಿ ಸುತ್ತ ಎರಡು ರಾತ್ರಿ: ಬಿಸಿಲು ನೋಡಿ ಗುಡಿ, ಹೊತ್ತು ನೋಡಿ ರೊಟ್ಟಿ

ಹೊಸಪೇಟೆ, ಹುಬ್ಬಳ್ಳಿ ಕಡೆಯಿಂದ ಹೊರಡುವ ಬಾಡಿಗೆ ಕಾರುಗಳು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿಬಿಡುತ್ತವೆ. ಹಾಗೆ ಹೋದರೆ ಪಟ್ಟದಕಲ್ಲಿಗೆ ತಲುಪುವುದು ಮಟಮಟ ಮಧ್ಯಾಹ್ನ. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ಕುಣಿಯುತ್ತಾ ಶಿಲ್ಪ ನೋಡುವವರಾರು? ನಾನು ಬಾದಾಮಿಯಲ್ಲೇ ಎರಡು ರಾತ್ರಿ ಉಳಿಯುತ್ತೇನೆ. ಯಾವ ಜಾಗ ಯಾವಾಗ ಎಂಬುದನ್ನು ದೂರ ನೋಡಿ ಅಲ್ಲ, ಬಿಸಿಲು ಮತ್ತು ಊಟದ ಹೊತ್ತು ನೋಡಿ ಗೊತ್ತುಮಾಡಿಕೊಳ್ಳುತ್ತೇನೆ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಬೇಡ. ಮಳೆಗಾಲಕ್ಕೂ ಒಂದು ಸೊಗಸಿದೆ: ಜೋರು ಮಳೆಯಾದ ಮರುದಿನ ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ಹಿಂದಿನ ಬಂಡೆಗಳಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಒಂದೆರಡು ದಿನ ಮಳೆ ನಿಂತರೆ ಅದೂ ನಿಂತಿತು. ಆ ಕಾಲದಲ್ಲಿ ಮಲಪ್ರಭೆಯ ಮೇಲೆ ಮಾತ್ರ ಕಣ್ಣಿರಲಿ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಹೊಳೆ ನುಗ್ಗಿತ್ತು.

ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ, ಆಟೊ ಸಿಗುತ್ತವೆ. ರೂಮು ಬಸ್ ನಿಲ್ದಾಣದ ಹತ್ತಿರ ಹಿಡಿದರೆ ಕೆರೆ, ಗುಹೆ, ಖಾನಾವಳಿ ಎಲ್ಲವೂ ಕಾಲ್ನಡಿಗೆಯ ದೂರ. ಮೊದಲ ದಿನದ ಸಂಜೆ ಅಗಸ್ತ್ಯ ತೀರ್ಥಕ್ಕೇ ಮೀಸಲು. ಉತ್ತರ ದಡ ಹಿಡಿದು ನಡೆದರೆ ಕೆರೆಯ ಪೂರ್ವ ತುದಿಯಲ್ಲಿ ಭೂತನಾಥ ಗುಡಿ. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಹಾಗಾಗಿ ಇಳಿಬಿಸಿಲು ನೇರ ಅದರ ಮೇಲೇ ಬೀಳುತ್ತದೆ. ಬೆಳಗ್ಗೆ ಹೋದರೆ ಗುಡಿಯೂ ಹಿಂದಿನ ಬಂಡೆಯೂ ನೆರಳಿನಲ್ಲಿ ಮಂಕಾಗಿರುತ್ತವೆ. ಕೆರೆಯ ಈಶಾನ್ಯಕ್ಕೆ, ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ತ್ರಿಪದಿ ಇದರದೇ. ದೊಡ್ಡ ಫಲಕ ಹುಡುಕುತ್ತಾ ಹೋದರೆ ಮುಂದೆ ದಾಟಿಹೋಗುವ ಸಂಭವ ಹೆಚ್ಚು, ಅಲ್ಲಿನವರನ್ನು ಕೇಳಿ. ಅಕ್ಷರಗಳ ಅಂಚು ಓರೆ ಬೆಳಕಿನಲ್ಲಿ ಎದ್ದು ಕಾಣುವುದರಿಂದ ಇದಕ್ಕೂ ಸಂಜೆಯೇ ಸರಿ. ವಾಪಸ್ ಬರುವಷ್ಟರಲ್ಲಿ ಪೇಟೆಯಲ್ಲಿ ಗಿರ್ಮಿಟ್, ಮಿರ್ಚಿ ಭಜಿ ಶುರುವಾಗಿರುತ್ತವೆ. ಎಣ್ಣೆಯಿಂದ ಈಗ ತೆಗೆದ ಭಜಿಯನ್ನೇ ಕೇಳಿ ತೆಗೆದುಕೊಳ್ಳಿ, ಆರಿದ್ದು ನಾರು.

ಎರಡನೇ ದಿನ ಬೇಗ ಏಳಬೇಕು. ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಮತ್ತೆ ಸುಮಾರು 14 ಕಿ.ಮೀ. ಪಟ್ಟದಕಲ್ಲಿಗೆ ಬಸ್ಸುಂಟು, ಆದರೆ ಪಟ್ಟದಕಲ್ಲು–ಐಹೊಳೆ ನಡುವೆ ಬಸ್ಸು ಕಡಿಮೆ. ಬಸ್ ಕಾಯುತ್ತಾ ಕೂತರೆ ಅಷ್ಟರಲ್ಲಿ ಬಿಸಿಲು ಏರಿಬಿಡುತ್ತದೆ. ಇಡೀ ದಿನಕ್ಕೆ ಕಾರೋ ಆಟೊವೋ ಮಾತಾಡುವುದೇ ವಾಸಿ. ಅಮೀನಗಡ, ಗುಳೇದಗುಡ್ಡ ಸುತ್ತಿ ಬರುವುದನ್ನೂ ಸೇರಿಸಿಯೇ ದರ ಗೊತ್ತುಮಾಡಿ.

7 ಗಂಟೆಯ ಹೊತ್ತಿಗೆ ಪಟ್ಟದಕಲ್ಲಿನಲ್ಲಿರಿ. ವಿರೂಪಾಕ್ಷ ಗುಡಿ ಪೂರ್ವಾಭಿಮುಖ, ಎದುರಿಗೆ ನಂದಿ ಮಂಟಪ. ಎಳೆಬಿಸಿಲು ನೇರ ಬಾಗಿಲಿಗೆ ಬರುತ್ತದೆ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಪಟ್ಟಿಕೆಗಳಿವೆ, ಜಾಲಂಧ್ರದ (ಕಲ್ಲಿನ ಜಾಲರಿ ಕಿಟಕಿಯ) ಬೆಳಕು ಸಾಲದು, ಸಣ್ಣ ಟಾರ್ಚ್ ಬೇಕು. ಬೆಳಕನ್ನು ಎದುರಿನಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿದರೆ ಆಕೃತಿ ಮೇಲೇಳುತ್ತದೆ. ಇಲ್ಲಿ ಈಗಲೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ. ದಪ್ಪ ಕಾಲುಚೀಲ ಜೊತೆಗಿರಲಿ. ಹೊರಗೆ ಬಂದು ಗಳಗನಾಥ ಗುಡಿಯ ಬಾಗಿದ, ಉತ್ತರದ ನಾಗರ ಶೈಲಿಯ ಶಿಖರವನ್ನೂ ಸಂಗಮೇಶ್ವರ ಗುಡಿಯ ಮೆಟ್ಟಿಲು ಮೆಟ್ಟಿಲಾದ, ದಕ್ಷಿಣದ ದ್ರಾವಿಡ ಶೈಲಿಯ ವಿಮಾನವನ್ನೂ ಒಟ್ಟಿಗೆ ನೋಡಿ. 1987ರಲ್ಲಿ ಈ ಊರು ವಿಶ್ವ ಪರಂಪರೆಯ ಪಟ್ಟಿಗೆ ಸೇರಲು ಈ ಎರಡು ಶೈಲಿಗಳ ಕೂಡಾಟವೇ ಮುಖ್ಯ ಕಾರಣ. ದಕ್ಷಿಣಕ್ಕೆ ಸ್ವಲ್ಪ ದೂರದ ಪಾಪನಾಥವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬಾರದು.

ಐಹೊಳೆಯಲ್ಲಿ ಮೊದಲು ಮೇಗುತಿ ಗುಡ್ಡ, ಆಮೇಲೆ ಕೆಳಗಿನ ಗುಡಿಗಳು. ಗುಡ್ಡಕ್ಕೆ ನೆರಳಿಲ್ಲ, 11ರೊಳಗೆ ಇಳಿದಿರಬೇಕು. ಮೇಗುತಿ ಜೈನ ಬಸದಿಯ ಹೊರಗೋಡೆಯಲ್ಲಿ ರವಿಕೀರ್ತಿಯ 634ರ ಶಾಸನವಿದೆ: ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ, ವಿಷಯ ಇಮ್ಮಡಿ ಪುಲಿಕೇಶಿಯ ದಿಗ್ವಿಜಯ. ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ತಾನೇ ಸೇರಿಸಿಕೊಂಡಿದ್ದಾನೆ, ಸಂಕೋಚದ ಮನುಷ್ಯನಲ್ಲ. ಕೆಳಗೆ ದುರ್ಗ ಗುಡಿಯ ಅರೆವೃತ್ತದ ಹಿಂಭಾಗ ಮತ್ತು ಸುತ್ತು ಮೊಗಸಾಲೆಗೆ ನಿಧಾನವಾಗಿ ಒಂದು ಪ್ರದಕ್ಷಿಣೆ. ಮೊಗಸಾಲೆಯಲ್ಲಿ ನೆರಳಿರುವುದರಿಂದ ಬಿಸಿಲೇರಿದರೂ ನಡೆಯುತ್ತದೆ. ಲಾಡಖಾನ್ ಗುಡಿ ಪಕ್ಕದಲ್ಲೇ. ರಾವಣಫಡಿ ಸ್ವಲ್ಪ ದೂರ, ಗಾಡಿಯಲ್ಲೇ ಹೋಗಿ.

ಐಹೊಳೆಯಲ್ಲಿ ಊಟದ ಆಯ್ಕೆ ಕಡಿಮೆ. ಹಿಂದಿನ ರಾತ್ರಿಯೇ ಬಾದಾಮಿಯಲ್ಲಿ ಬುತ್ತಿ ಕಟ್ಟಿಸಿಕೊಳ್ಳಿ: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಉಳ್ಳಾಗಡ್ಡಿ. ಮೊಸರು ಮಾತ್ರ ಅಂದಂದೇ ಕೊಳ್ಳಬೇಕು. ತಲೆಗೆ ಎರಡು ಲೀಟರ್ ನೀರು. ಮಧ್ಯಾಹ್ನ ಅಮೀನಗಡಕ್ಕೆ ಹೋದರೆ ಕರದಂಟು. ಅಂಟು, ಬೆಲ್ಲ, ಕೊಬ್ಬರಿ, ಒಣಹಣ್ಣು ಎಲ್ಲ ಸೇರಿದ ಗಟ್ಟಿ ಸಿಹಿ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟರೆ ಬೆಲ್ಲ ಮೆತ್ತಗಾಗಿ ತುಂಡುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಿಂದಿರುಗುವಾಗ ಗುಳೇದಗುಡ್ಡದ ಖಣ (ರವಿಕೆ ಬಟ್ಟೆ). ಇಳಕಲ್ ಸೀರೆ ಕೊಳ್ಳುವವರು ಮೈ ಮತ್ತು ಸೆರಗು ಕೂಡುವ ಗೆರೆಯನ್ನು ತಿರುವಿ ನೋಡಬೇಕು. ಕೊಂಡಿ ಹಾಕಿ ನೇಯ್ದ ಸೀರೆಯಲ್ಲಿ ಎರಡೂ ಹಾಸು ಎಳೆಗಳು ಕುಣಿಕೆಗೆ ಕುಣಿಕೆ ಸಿಕ್ಕಿಕೊಂಡಿರುವುದು ಕೈಗೆ ಹತ್ತುತ್ತದೆ.

ಮೂರನೇ ದಿನ ಗುಹೆಗಳು. 9 ಗಂಟೆಗೆ ಗೇಟಿನಲ್ಲಿದ್ದರೆ ಶಾಲಾ ಪ್ರವಾಸದ ಬಸ್ಸುಗಳಿಗಿಂತ ಮುಂದಿರುತ್ತೀರಿ. ನಾನು ಮೊದಲು ನೇರ ಮೂರನೇ ಗುಹೆಗೆ ಹತ್ತಿ, ಆಮೇಲೆ ನಾಲ್ಕನೆಯ ಜೈನ ಗುಹೆ ನೋಡಿ, ಇಳಿಯುತ್ತಾ ಎರಡು, ಒಂದು ಮುಗಿಸುತ್ತೇನೆ. ಗುಂಪು ಒಂದನೇ ಗುಹೆಯ 18 ಕೈಗಳ ನಟರಾಜನ ಮುಂದೆ ಸೆಲ್ಫಿಗೆ ನಿಂತಾಗ ಮೇಲೆ ಬಿಡುವಾಗಿರುತ್ತದೆ. ಮೂರನೆಯದು ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಕಾಲ 578. ಹೂಮಾಲೆ ಕಟ್ಟುವವರಿಗೂ ಪಾಲು ಸಿಗುವಂತೆ ಊರೊಂದನ್ನು ಬಿಟ್ಟುಕೊಟ್ಟ ಅವನ ಕನ್ನಡ ಶಾಸನವೂ ಇಲ್ಲೇ ಇದೆ. ಮಂಗಗಳ ಕಾಟ ಬಹಳ: ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಹಿಡಿದ ಜ್ಯೂಸ್ ಬಾಟಲಿ ಕಂಡರೆ ಕಿತ್ತೇ ಕೀಳುತ್ತವೆ. ಕೆರೆಯ ಆಚೆ ದಡದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಲಜ್ಜಾಗೌರಿ ಶಿಲ್ಪ ನೋಡಬೇಕಿದ್ದರೆ ದಿನ ನೋಡಿ ಬನ್ನಿ.

ಮಧ್ಯಾಹ್ನದ ಊಟ 5 ಕಿ.ಮೀ. ದೂರದ ಬನಶಂಕರಿಯಲ್ಲಿ. ಗುಡಿಯ ಸುತ್ತ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ಮನೆಯಲ್ಲಿ ಮಾಡಿ ತಂದ ರೊಟ್ಟಿ ಬಡಿಸುತ್ತಾರೆ: ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಸಣ್ಣ ಕುಡಿಕೆಯಲ್ಲಿ ಗಟ್ಟಿ ಮೊಸರು. 12ರಿಂದ 1ರೊಳಗೆ ಹೋಗಿ. ತಡವಾದರೆ ಪಲ್ಯ ಮುಗಿದು ಚಟ್ನಿ ಉಳಿದಿರುತ್ತದೆ. ಕೂರುವ ಮೊದಲೇ ದರ ಕೇಳಿ, ಚಿಲ್ಲರೆ ಇಟ್ಟುಕೊಂಡಿರಿ. ಕೆಂಪು ಚಟ್ನಿಯನ್ನು ಒಣದಾಗಿ ತಿನ್ನಬೇಡಿ, ಮೊಸರಿನಲ್ಲಿ ಕಲಸಿ ರೊಟ್ಟಿಗೆ ಹಚ್ಚಬೇಕು. ‘ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?’ ಎಂದಾಗ ‘ಅರ್ಧ ಸಾಕ್ರೀ ಯಕ್ಕಾ’ ಅನ್ನಿ, ಬರುವುದು ಒಂದೇ. ಜನವರಿಯ ಬನದ ಹುಣ್ಣಿಮೆ ಜಾತ್ರೆಗೆ ಬರುವುದಾದರೆ ಊಟಕ್ಕಿಂತ ನಾಟಕ ಕಂಪನಿಗಳ ರಾತ್ರಿ ಆಟವೇ ದೊಡ್ಡ ಆಕರ್ಷಣೆ. ಆ ದಿನಗಳಲ್ಲಿ ರೂಮು ಮೊದಲೇ ಹಿಡಿಯದಿದ್ದರೆ ಬಾಗಲಕೋಟೆಯಲ್ಲೇ ಉಳಿಯಬೇಕಾದೀತು.

ಹೊರಡುವ ಮುಂಚೆ ಹೊತ್ತಿದ್ದರೆ ಮಹಾಕೂಟ, ರಸ್ತೆಯಲ್ಲಿ ಸುಮಾರು 14 ಕಿ.ಮೀ.; ಒರತೆಯ ಪುಷ್ಕರಣಿಯಲ್ಲಿ ಮುಳುಗೇಳಲು ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಲಿ. ಮನೆಗೆ ಒಯ್ಯುವ ಕಡಕ್ ರೊಟ್ಟಿಯನ್ನು ಬಿಸಿ ಆರುವ ಮುಂಚೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಬಾರದು, ಬೆವೆತು ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಸುತ್ತಿ, ಅಗಲ ಬಾಯಿಯ ಸ್ಟೀಲ್ ಡಬ್ಬಿಯಲ್ಲಿ ಮಟ್ಟಸವಾಗಿ ಮಲಗಿಸಿಟ್ಟರೆ ರೈಲಿನ ಕುಲುಕಾಟಕ್ಕೂ ಮುರಿಯುವುದಿಲ್ಲ.